ಕಿರಿಯ ವಿಶ್ವವಿದ್ಯಾಲಯಗಳೂ ಹಿರಿಯರ ಲೆಕ್ಕವೂ

ಕರ್ನಾಟಕದ ಏಳು ಜಿಲ್ಲೆಗಳಿಗೆ ೨೦೨೩ನೆಯ ಇಸವಿಯಲ್ಲಿ ಏಳು ವಿಶ್ವವಿದ್ಯಾಲಯಗಳು ಏಕಕಾಲಕ್ಕೆ ಪ್ರಾಪ್ತವಾದುವು. ಬೀದರ, ಹಾವೇರಿ, ಕೊಪ್ಪಳ, ಬಾಗಲಕೋಟೆ, ಹಾಸನ, ಕೊಡಗು, ಚಾಮರಾಜನಗರಗಳೇ ಆ ಭಾಗ್ಯಶಾಲಿ ಜಿಲ್ಲೆಗಳು. ನಾಮಫಲಕಗಳು ಏರಿದುವು, ಕುಲಪತಿಗಳು ನೇಮಕಗೊಂಡರು, ಭಾಷಣಗಳೂ ಆದುವು. ಎರಡು ವರ್ಷ ತುಂಬುವುದರೊಳಗಾಗಿ, ೨೦೨೫ರ ಫೆಬ್ರವರಿಯಲ್ಲಿ, ಸಚಿವ ಸಂಪುಟದ ಉಪಸಮಿತಿಯು ಇವುಗಳಲ್ಲಿ ಬೀದರವೊಂದನ್ನುಳಿದು ಮಿಕ್ಕವನ್ನೂ ಬೇರೆ ಮೂರನ್ನೂ ಕೂಡಿಸಿ ಒಂಬತ್ತು ಹೊಸ ವಿಶ್ವವಿದ್ಯಾಲಯಗಳನ್ನು ಮುಚ್ಚಿ ಹಳೆಯವುಗಳಲ್ಲಿ ಸೇರಿಸಬಹುದೆಂದು ಅಭಿಪ್ರಾಯಪಟ್ಟಿತು. ಹೇಳಿದ ಮುಖ್ಯ ಕಾರಣ ಧನಾಭಾವ. ಒಂದು ಸರಕಾರವು ತೊಟ್ಟಿಲು ಕಟ್ಟಿ ಹಾಲೆರೆಯುವುದನ್ನು ಮರೆಯಿತು. ಇನ್ನೊಂದು ಸರಕಾರವು ಕೂಸು ಸೊರಗಿದೆಯೆಂದು ತೊಟ್ಟಿಲನ್ನೇ ಬಿಚ್ಚಲು ಹೊರಟಿತು. ಉಭಯರೂ ಕೂಸಿನ ಮುಖವನ್ನು ನೋಡಿದಂತೆ ತೋರುವುದಿಲ್ಲ.

ಮುಚ್ಚಬೇಕೆನ್ನುವವರ ಪೂರ್ವಪಕ್ಷವನ್ನು ಮೊದಲು ನ್ಯಾಯವಾಗಿ ಕೇಳತಕ್ಕದ್ದು. ವಿದ್ಯಾರ್ಥಿಗಳು ಕೆಲವರೇ; ಅಧೀನದ ಕಾಲೇಜುಗಳೂ ಕೆಲವೇ; ಆದುದರಿಂದ ವೆಚ್ಚಕ್ಕೆ ತಕ್ಕ ಫಲವಿಲ್ಲ ಎಂಬುದು ಮೊದಲನೆಯ ವಾದ. ಓದಬೇಕೆಂಬವನು ಮೈಸೂರಿಗೋ ಧಾರವಾಡಕ್ಕೋ ಹೋಗಬಹುದಲ್ಲವೆ ಎಂಬುದು ಎರಡನೆಯದು. ಇಲ್ಲಿಯ ಪದವಿಯಿಂದ ಉದ್ಯೋಗ ದೊರೆಯದು ಎಂಬುದು ಮೂರನೆಯದು.

ಕೆಲವರೇ ಎಂಬ ಮಾತನ್ನು ವಿಚಾರಿಸೋಣವಾಗಲಿ. ಇಂದು ಹಿರಿಯವೆನಿಸಿರುವ ಸಂಸ್ಥೆಗಳಲ್ಲಿ ಯಾವುದು ಹಿರಿದಾಗಿಯೇ ಹುಟ್ಟಿತು? ಮೈಸೂರು ವಿಶ್ವವಿದ್ಯಾಲಯವು ೧೯೧೬ರಲ್ಲಿ ಹುಟ್ಟಿದಾಗ ಅದಕ್ಕಿದ್ದ ಆಧಾರ ಮೈಸೂರಿನ ಮಹಾರಾಜ ಕಾಲೇಜು, ಬೆಂಗಳೂರಿನ ಸೆಂಟ್ರಲ್ ಕಾಲೇಜು, ಇವೆರಡೇ. ಅಲ್ಲಿ ಕನ್ನಡ ಎಂ.ಎ. ತರಗತಿಯು ೧೯೨೭ರಲ್ಲಿ ಆರಂಭವಾದಾಗ ಸೇರಿದವರನ್ನು ಕೈಬೆರಳುಗಳಲ್ಲಿ ಎಣಿಸಬಹುದಾಗಿತ್ತು. ಆ ಎಣಿಕೆಯೊಳಗೆ ಕುವೆಂಪು ಇದ್ದರು, ಡಿ.ಎಲ್. ನರಸಿಂಹಾಚಾರ್ಯರಿದ್ದರು. ಮೊದಲನೆಯವರು ೧೯೫೬ರಲ್ಲಿ ಅದೇ ವಿಶ್ವವಿದ್ಯಾಲಯದ ಕುಲಪತಿಗಳಾದರು. ಎರಡನೆಯವರು ವಡ್ಡಾರಾಧನೆಯನ್ನು ಶುದ್ಧಪಾಠದೊಡನೆ ನಾಡಿಗೆ ಒಪ್ಪಿಸಿದರು. ತಲೆಯೊಂದಕ್ಕೆ ಇಷ್ಟು ರೂಪಾಯಿ ಎಂದು ಗುಣಿಸುವ ಲೆಕ್ಕಿಗನು ೧೯೨೭ರಲ್ಲಿ ಅಧಿಕಾರದಲ್ಲಿದ್ದಿದ್ದರೆ ಆ ತರಗತಿಗೆ ಬೀಗ ಬೀಳುತ್ತಿತ್ತು. ಕನ್ನಡಕ್ಕೆ ಆದ ನಷ್ಟವನ್ನು ಆತನ ಪುಸ್ತಕದ ಯಾವ ಅಂಕಣದಲ್ಲಿಯೂ ಬರೆಯಲಾಗುತ್ತಿರಲಿಲ್ಲ.

ಕೊಣಾಜೆಯ ಕಥೆಯೂ ಹೀಗೆಯೇ. ೧೯೬೮ರಲ್ಲಿ ಮೈಸೂರು ವಿಶ್ವವಿದ್ಯಾಲಯವು ಅಲ್ಲಿ ಒಂದು ಸ್ನಾತಕೋತ್ತರ ಕೇಂದ್ರವನ್ನು ತೆರೆಯಿತು. ಸಂಸ್ಕೃತದ ಮಹಾಕವಿಗಳನ್ನು ಕನ್ನಡಕ್ಕೆ ತಂದ ಎಸ್.ವಿ. ಪರಮೇಶ್ವರ ಭಟ್ಟರು ಅದನ್ನು ಕೈಹಿಡಿದು ನಡೆಸಿದರು. ಅಲ್ಲಿಯ ಮೊದಮೊದಲ ವಿದ್ಯಾರ್ಥಿಗಳಲ್ಲೊಬ್ಬರಾದ ಬಿ.ಎ. ವಿವೇಕ ರೈಗಳು ತಮ್ಮ ಮನೆಯಂಗಳದ ತುಳು ಜನಪದ ಸಾಹಿತ್ಯವನ್ನೇ ಸಂಶೋಧನೆಗೆ ಎತ್ತಿಕೊಂಡರು. ಮುಂದೆ ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಕುಲಪತಿಗಳಾದರು. ಜರ್ಮನಿಯ ವ್ಯೂರ್ತ್ಸ್‌ಬುರ್ಗಿನಲ್ಲಿಯೂ ಪಾಠ ಹೇಳಿದರು. ಆ ಕೇಂದ್ರವು ೧೯೮೦ರಲ್ಲಿ ಮಂಗಳೂರು ವಿಶ್ವವಿದ್ಯಾಲಯವಾಯಿತು. ಅದೇ ವರ್ಷ ಕಲಬುರ್ಗಿಯ ಕೇಂದ್ರವೂ ಧಾರವಾಡದಿಂದ ಬೇರ್ಪಟ್ಟು ಸ್ವತಂತ್ರವಾಯಿತು. ಬೀಜವನ್ನು ತೂಗಿ ಮರದ ಬೆಲೆಯನ್ನು ನಿಷ್ಕರ್ಷಿಸುವುದು ಕೃಷಿಕರ ಪದ್ಧತಿಯಲ್ಲ.

ದೂರ ಹೋಗಿ ಓದಲಿ ಎಂಬವರು ಯಾರನ್ನು ಮನಸ್ಸಿನಲ್ಲಿಟ್ಟುಕೊಂಡು ಮಾತನಾಡುತ್ತಾರೆ? ಅನುಕೂಲಸ್ಥರ ಮಕ್ಕಳು ಹೇಗೂ ಹೋಗುತ್ತಾರೆ. ಮನೆತನದಲ್ಲಿ ಮೊದಲನೆಯವಳಾಗಿ ಬಿ.ಎ. ಮುಗಿಸಿದ ಹಳ್ಳಿಯ ಹೆಣ್ಣುಮಗಳಿಗೆ, ಬೆಳಗಿನ ಬಸ್ಸಿನಲ್ಲಿ ಹೋಗಿ ಸಂಜೆಗೆ ಮರಳಬಹುದಾದ ದೂರವೇ ವಿದ್ಯೆಯ ಎಲ್ಲೆ. ಅದರಾಚೆಗೆ ಹಾಸ್ಟೆಲಿನ ಖರ್ಚಿದೆ, ತಂದೆತಾಯಿಗಳ ಅಂಜಿಕೆಯಿದೆ, ಅದಕ್ಕಿಂತ ಸುಲಭವಾಗಿ ದೊರೆಯುವ ವರನಿದ್ದಾನೆ. ಅವಳ ಊರಿನ ಸಮೀಪದ ತರಗತಿಯನ್ನು ಮುಚ್ಚಿ ದೂರದ ತರಗತಿಯ ಬಾಗಿಲು ತೆರೆದಿದೆ ಎನ್ನುವುದು ಕುರುಡನಿಗೆ ಕನ್ನಡಿ ಕೊಟ್ಟ ಉಪಕಾರ.

ಸಂಶೋಧನೆಯ ದೃಷ್ಟಿಯಿಂದ ನೋಡಿದರಂತೂ ಈ ಜಿಲ್ಲೆಗಳಷ್ಟು ಸಂಪನ್ನವಾದ ಕ್ಷೇತ್ರಗಳು ದುರ್ಲಭ. ಕೊಪ್ಪಳದ ಗವಿಮಠ, ಪಾಲ್ಕಿಗುಂಡುಗಳಲ್ಲಿ ಅಶೋಕನ ಶಾಸನಗಳಿವೆ. ಹಿರೇಬೆಣಕಲ್ಲಿನಲ್ಲಿ ಶಿಲಾಸಮಾಧಿಗಳ ಊರೇ ಇದೆ. ಹಲ್ಮಿಡಿ ಹಾಸನದ್ದು, ಬಾದಾಮಿ, ಐಹೊಳೆ, ಪಟ್ಟದಕಲ್ಲುಗಳು ಬಾಗಲಕೋಟೆಯವು. ಚಾಮರಾಜನಗರದಲ್ಲಿ ಸೋಲಿಗರ ಸಸ್ಯಜ್ಞಾನವೂ ಕಂಸಾಳೆಯವರ ಕಾವ್ಯವೂ ಜೀವಂತವಾಗಿವೆ. ಕೊಡವ ನುಡಿಯನ್ನು ಮಾತೃಭಾಷೆಯೆಂದು ೨೦೧೧ರ ಜನಗಣತಿಯಲ್ಲಿ ಬರೆಯಿಸಿದವರು ೧ ಲಕ್ಷ ೧೩ ಸಾವಿರಕ್ಕೆ ಸ್ವಲ್ಪ ಮೇಲ್ಪಟ್ಟು ಮಾತ್ರ. ಆ ನುಡಿಯ ಹಾಡುಗಳನ್ನು ನಡಿಕೇರಿಯಂಡ ಚಿಣ್ಣಪ್ಪನವರು ಶ್ರಮಪಟ್ಟು ಕೂಡಿಸಿ ೧೯೨೪ರಲ್ಲಿ ಪಟ್ಟೋಲೆ ಪಳಮೆಯೆಂದು ಪ್ರಕಟಿಸಿದರು. ಒಬ್ಬ ಗೃಹಸ್ಥನು ಮಾಡಿದ ಕೆಲಸವನ್ನು ಮುಂದುವರಿಸಲು ಆ ನೆಲದಲ್ಲಿ ಒಂದು ವಿದ್ಯಾಪೀಠವು ಬೇಡವೆನ್ನುವುದು ಹೇಗೆ?

ಉದ್ಯೋಗದ ವಾದದಲ್ಲಿ ಅರ್ಧ ಸತ್ಯವಿದೆ; ಅದನ್ನು ಮರೆಮಾಚಬೇಕಾದುದಿಲ್ಲ. ಹೊಸ ವಿಶ್ವವಿದ್ಯಾಲಯಗಳಿಗೆ ಫಲಕ ದೊರೆತಷ್ಟು ಬೇಗನೆ ಅಧ್ಯಾಪಕರು ದೊರೆಯಲಿಲ್ಲ. ಪಾಠದ ಭಾರವನ್ನು ಬಹುಮಟ್ಟಿಗೆ ಹೊತ್ತವರು ಅತಿಥಿ ಉಪನ್ಯಾಸಕರು. ವರ್ಷವರ್ಷವೂ ತನ್ನ ಹುದ್ದೆಯೇ ಉಳಿಯುವುದೋ ಇಲ್ಲವೋ ಎಂದು ಕಳವಳಪಡುವ ಗುರುವು ಶಿಷ್ಯನಿಗೆ ನಾಲ್ಕೈದು ವರ್ಷದ ಸಂಶೋಧನೆಯ ದಾರಿಯನ್ನು ತೋರಿಸುವುದೆಂತು? ಆದರೆ ಈ ದೋಷವು ಕಿರಿತನದ್ದಲ್ಲ, ಉಪವಾಸದ್ದು. ನೆಗಡಿ ಬಂದಿತೆಂದು ಮೂಗನ್ನೇ ಕೊಯ್ದುಕೊಳ್ಳುವುದು ಯಾವ ವೈದ್ಯಶಾಸ್ತ್ರದಲ್ಲಿಯೂ ಇಲ್ಲ.

ಉಪವಾಸವು ಏನು ಮಾಡುತ್ತದೆಂಬುದಕ್ಕೆ ಹಂಪಿಯೇ ದೃಷ್ಟಾಂತ. ೧೯೯೧ರಲ್ಲಿ ಚಂದ್ರಶೇಖರ ಕಂಬಾರರು ಮೊದಲ ಕುಲಪತಿಗಳಾಗಿ ಕಟ್ಟಿದ ಕನ್ನಡ ವಿಶ್ವವಿದ್ಯಾಲಯವು ಸಂಶೋಧನೆಯನ್ನೇ ಮುಖ್ಯ ವ್ರತವಾಗಿ ಹಿಡಿಯಿತು. ಮಲೆಯ ಮಾದೇಶ್ವರನ ಮಹಾಕಾವ್ಯವು ಹಾಡುವವರ ಕಂಠದಿಂದ ಗ್ರಂಥಕ್ಕೆ ಇಳಿದುದು ಅಲ್ಲಿ. ಶಾಸನ ಸಂಪುಟಗಳು ಹೊರಟುದು ಅಲ್ಲಿಂದ. ಅಂತಹ ಸಂಸ್ಥೆಯ ಅನುದಾನ ಕುಗ್ಗಿದ, ಸಂಶೋಧನ ವಿದ್ಯಾರ್ಥಿಗಳ ವೇತನವು ತಿಂಗಳುಗಟ್ಟಲೆ ತಡೆದುನಿಂತ ವಾರ್ತೆಗಳು ೨೦೨೦ರಿಂದೀಚೆಗೆ ಪತ್ರಿಕೆಗಳಲ್ಲಿ ಹಲವು ಸಲ ಬಂದಿವೆ. ವೇತನವಿಲ್ಲದ ವಿದ್ಯಾರ್ಥಿಯು ಊರೂರು ತಿರುಗಿ ಹಾಡುಗಾರರನ್ನು ಕಾಣಲಾರನು; ಗ್ರಂಥಾಲಯದಲ್ಲಿ ಕುಳಿತು ಇದ್ದ ಪುಸ್ತಕಗಳಿಂದಲೇ ಮತ್ತೊಂದು ಪುಸ್ತಕವನ್ನು ಹೊಲಿಯುತ್ತಾನೆ. ಅನಂತರ ಪ್ರಬಂಧದಲ್ಲಿ ಹುರುಳಿಲ್ಲವೆಂದು ಅವನನ್ನೇ ಹಳಿಯುತ್ತಾರೆ.

ಹಾಗಾದರೆ ಸಿದ್ಧಾಂತವೇನು? ಕಿರಿಯ ವಿಶ್ವವಿದ್ಯಾಲಯಗಳು ಕಿರಿಯವಾಗಿಯೇ ಇರಲಿ, ಆದರೆ ಗಟ್ಟಿಯಾಗಿರಲಿ. ಎಲ್ಲ ವಿಷಯಗಳನ್ನೂ ಎಲ್ಲೆಡೆಯೂ ಬೋಧಿಸುವ ಹಟವನ್ನು ಬಿಟ್ಟು, ಒಂದೊಂದು ಸಂಸ್ಥೆಯೂ ತನ್ನ ನೆಲಕ್ಕೆ ಸಹಜವಾದ ಎರಡು ಮೂರು ವಿಷಯಗಳಲ್ಲಿ ನಾಡಿಗೇ ಪ್ರಮಾಣವಾಗಲಿ. ಖಾಯಂ ಅಧ್ಯಾಪಕರು ಕೆಲವರಾದರೂ ಇರಲಿ. ವಿದ್ಯಾರ್ಥಿವೇತನವು, ಅಧಿಕಾರಿಗಳ ಸಂಬಳ ಬರುವ ದಿನವೇ ಬರಲಿ. ಈ ಮೂರಕ್ಕೂ ತಗಲುವ ಹಣವು ರಾಜ್ಯದ ಬೊಕ್ಕಸವನ್ನು ಬರಿದು ಮಾಡಲಾರದು.

ಸರಕಾರವೊಂದನ್ನೇ ದೂರಿ ಸುಮ್ಮನಾಗುವುದೂ ಸಲ್ಲದು. ಈ ಸಂಸ್ಥೆಗಳಲ್ಲಿ ಕಲಿತು ಹೊರಬಂದವರು ಪದವಿಪತ್ರವನ್ನು ಗೋಡೆಗೆ ತೂಗುಹಾಕಿ ಮರೆತುಬಿಟ್ಟರೆ, ಮುಚ್ಚುವ ದಿನ ಕೇಳುವವರು ಯಾರೂ ಇರುವುದಿಲ್ಲ. ಹಳೆಯ ವಿದ್ಯಾರ್ಥಿಗಳು ಸಂಘಟಿತರಾಗಿ ಹೊಸಬರಿಗೆ ದಾರಿ ಹೇಳಬೇಕು. ಕೆಲಸದ ಸುಳಿವು ತಿಳಿಸಬೇಕು. ಜಿಲ್ಲೆಯ ಗೃಹಸ್ಥರ ಅಟ್ಟಗಳಲ್ಲಿ ಕಡತಗಳೂ ತಾಳೆಗರಿಗಳೂ ಹಳೆಯ ಲೆಕ್ಕದ ಪುಸ್ತಕಗಳೂ ಗೆದ್ದಲಿಗೆ ಆಹಾರವಾಗುತ್ತಿವೆ. ಅವುಗಳನ್ನು ವಿದ್ಯಾರ್ಥಿಗಳಿಗೆ ಬಿಚ್ಚಿ ತೋರಿಸುವುದಕ್ಕೆ ಯಾವ ಸಚಿವರ ಅಪ್ಪಣೆಯೂ ಬೇಕಿಲ್ಲ. ಜಿಲ್ಲೆಯೇ ತನ್ನ ವಿದ್ಯಾಪೀಠಕ್ಕೆ ಒಂದು ಕಡತವನ್ನು ಕೊಡದಿದ್ದರೆ, ರಾಜಧಾನಿಯು ಒಂದು ಕೋಟಿಯನ್ನು ಕೊಡಲಿಲ್ಲವೆಂದು ಕೇಳುವ ಬಾಯಿಗೆ ಬಲವೆಲ್ಲಿಂದ ಬರಬೇಕು?