ಡಬ್ಬಿಯ ಮೇಲಿನ ಅಕ್ಷರ

ಶ್ರಾವಣ ಸಮೀಪಿಸಿತೆಂದರೆ ನಮ್ಮ ಉತ್ತರ ಕರ್ನಾಟಕದ ಮನೆಗಳಲ್ಲಿ ಎರಡು ಕಾರ್ಯಗಳು ಜೊತೆಜೊತೆಯಾಗಿ ಆರಂಭವಾಗುತ್ತವೆ. ಒಂದು, ಶೇಂಗಾ, ಎಳ್ಳು, ರವೆಗಳನ್ನು ಹದವಾಗಿ ಹುರಿಯುವುದು. ಇನ್ನೊಂದು, ವರ್ಷವಿಡೀ ಅಟ್ಟದ ಕತ್ತಲೆಯಲ್ಲಿ ಕುಳಿತಿದ್ದ ಪರಾತ, ಬೋಗುಣಿ, ಹಿತ್ತಾಳೆಯ ಡಬ್ಬಿ, ಚಕ್ಕುಲಿಯ ಅಚ್ಚುಗಳನ್ನು ಕೆಳಗಿಳಿಸಿ ಹುಣಸೆಹಣ್ಣು ಹಚ್ಚಿ ತಿಕ್ಕುವುದು. ಮೊದಲನೆಯದರ ವಿಷಯದಲ್ಲಿ ತಾಯಂದಿರಿಗೆ ನಾನು ಕಲಿಸಬೇಕಾದುದೇನೂ ಇಲ್ಲ. ಎರಡನೆಯದರ ವಿಷಯದಲ್ಲಿ ಹೇಳಬೇಕಾದ ಒಂದು ಮಾತಿದೆ. ಆದರೆ ತಿನಿಸನ್ನೂ ಪಾತ್ರೆಯನ್ನೂ ಬೇರ್ಪಡಿಸಿ ನೋಡಲು ಬಾರದಾದುದರಿಂದ ತಿನಿಸಿನಿಂದಲೇ ಪ್ರಾರಂಭಿಸುತ್ತೇನೆ.

ಪಂಚಮಿಯೆಂದರೆ ಉಂಡಿಯ ಹಬ್ಬ. ಶೇಂಗಾ ಉಂಡಿ, ಎಳ್ಳುಂಡಿ, ರವೆ ಉಂಡಿ, ಬೇಸನ್ ಉಂಡಿ, ಪುಟಾಣಿ ಉಂಡಿ, ತಂಬಿಟ್ಟು, ಜೋಳದ ಅಳ್ಳು. ಇವುಗಳ ಜೊತೆಗೆ ಚಕ್ಕುಲಿ, ಕೋಡುಬಳೆ, ಅವಲಕ್ಕಿಯ ಚೂಡಾ. ಬಂದವರಿಗೆ ಊಟಕ್ಕೆ ಮೊದಲು ತಟ್ಟೆಯಲ್ಲಿ ಎರಡು ಉಂಡಿ, ಒಂದು ಚಕ್ಕುಲಿ, ಒಂದು ಹಿಡಿ ಚೂಡಾ ಇಟ್ಟು ಮುಂದೆ ಸರಿಸುವುದು ನಮ್ಮ ಕಡೆಯ ಪದ್ಧತಿ. ಇದನ್ನು ಹಿರಿಯರು ಫರಾಳವೆಂದರು. ಇಂದಿನ ಕಲ್ಯಾಣ ಮಂಟಪಗಳಲ್ಲಿ ಇದರ ಸ್ಥಾನವನ್ನು ‘ಸ್ಟಾರ್ಟರ್’ ಎಂಬ ಹೆಸರಿನ ಗೋಬಿ ಮಂಚೂರಿ ಆಕ್ರಮಿಸಿದೆ. ಗೋಬಿಯ ಮೇಲೆ ನನಗೆ ದ್ವೇಷವಿಲ್ಲ. ಆದರೆ ಬಿಸಿ ಆರಿದೊಡನೆ ಮೆತ್ತಗಾಗುವ ಆ ಪದಾರ್ಥವನ್ನು ನಿಂತಲ್ಲಿಯೇ ಹೊಟ್ಟೆ ತುಂಬ ತಿಂದು, ಆಮೇಲೆ ಎಲೆಯ ಮೇಲಿನ ಹೋಳಿಗೆಯನ್ನು ಮುಟ್ಟದೆ ಏಳುವವರನ್ನು ಕಂಡಾಗ ಮನಸ್ಸಿಗೆ ಕಸಿವಿಸಿಯಾಗುತ್ತದೆ.

ನಮ್ಮ ಫರಾಳದ ಮುಖ್ಯ ಗುಣವೆಂದರೆ ಅದು ಅತಿಥಿಗಾಗಿ ಕಾಯಬಲ್ಲದು. ನಾಲ್ಕು ಪಾಲು ಅಕ್ಕಿಗೆ ಒಂದು ಪಾಲು ಉದ್ದಿನಬೇಳೆ ಹುರಿದು ಬೀಸಿದ ಹಿಟ್ಟಿಗೆ ಕಾದ ಎಣ್ಣೆ, ಅಜಿವಾನ, ಎಳ್ಳು, ಉಪ್ಪು ಬೆರೆಸಿ ಕಲಸಿ ಒತ್ತಿದ ಚಕ್ಕುಲಿಯನ್ನು ಮಧ್ಯಮ ಉರಿಯಲ್ಲಿ ನಿಧಾನವಾಗಿ ಕರಿದರೆ ಹದಿನೈದು ದಿನ ಗರಿಗರಿಯಾಗಿರುತ್ತದೆ. ಉರಿ ಹೆಚ್ಚಾದರೆ ಹೊರಗೆ ಕೆಂಪಗೆ, ಒಳಗೆ ಹಸಿ. ಶೇಂಗಾ, ಎಳ್ಳುಗಳ ಉಂಡಿಗೆ ಬೆಲ್ಲದ ಪಾಕದ ಒಂದು ಹನಿಯನ್ನು ತಣ್ಣೀರಿಗೆ ಬಿಟ್ಟಾಗ ಅದು ಬೆರಳಿನ ನಡುವೆ ಉಂಡೆಗಟ್ಟಬೇಕು. ಆ ಕ್ಷಣ ದಾಟಿತೆಂದರೆ ಉಂಡಿ ಕಲ್ಲಾಗುತ್ತದೆ, ಹಲ್ಲಿಲ್ಲದ ನಮ್ಮಂಥವರು ಕೈಯಲ್ಲಿ ಹಿಡಿದು ನೋಡುತ್ತ ಕುಳಿತುಕೊಳ್ಳಬೇಕಾಗುತ್ತದೆ. ಈ ಬಗೆಯ ಹದಗಳ ವಿಚಾರ ನಮ್ಮ ಸಾಹಿತ್ಯಕ್ಕೆ ಹೊಸದೇನಲ್ಲ. ಮೂರನೆಯ ಮಂಗರಸನು 1508ರಲ್ಲಿ ‘ಸೂಪಶಾಸ್ತ್ರ’ವೆಂಬ ಪಾಕಗ್ರಂಥವನ್ನು ಷಟ್ಪದಿಯಲ್ಲಿ ರಚಿಸಿದ್ದು, ಹಿಟ್ಟಿನ ತಿನಿಸುಗಳನ್ನು ಹೇಳುವ ಪಿಷ್ಟಪಾಕಕ್ಕೆ ಅದರಲ್ಲಿ ಪ್ರತ್ಯೇಕ ಅಧ್ಯಾಯವನ್ನೇ ಮೀಸಲಿಟ್ಟಿದ್ದಾನೆ.

ಇನ್ನು ಪಾತ್ರೆಯ ವಿಚಾರ. ಫರಾಳದ ತಿನಿಸುಗಳೆಲ್ಲ ಒಣಗಿದವು, ಹುಳಿಯಿಲ್ಲದವು. ಆದುದರಿಂದಲೇ ಹಳೆಯ ಹಿತ್ತಾಳೆಯ ಡಬ್ಬಿಗೂ ಇವಕ್ಕೂ ಅಷ್ಟು ಚೆನ್ನಾಗಿ ಹೊಂದಿಕೆಯಾಯಿತು. ತಾಮ್ರ ಮತ್ತು ಸತುವಿನ ಮಿಶ್ರಣವಾದ ಹಿತ್ತಾಳೆಗೆ ಹುಳಿ ತಾಗಿದರೆ ಕಿಲುಬು ಹುಟ್ಟುತ್ತದೆ. ಕಿಲುಬು ಹೊಟ್ಟೆಗೆ ವಿಷ. ಸಾರು, ಪಲ್ಯ, ಮಜ್ಜಿಗೆಗಳಿಗೆ ಒಳಗಡೆ ಕಲಾಯಿ ಇರಲೇಬೇಕು. ಕಲಾಯಿಗಾರನು ಪಾತ್ರೆಯನ್ನು ಕಾಯಿಸಿ, ನವಸಾಗರದ ಪುಡಿಯನ್ನು ಉದುರಿಸಿ, ತವರದ ಕಡ್ಡಿಯನ್ನು ಮುಟ್ಟಿಸಿ ಅರಳೆಯಿಂದ ಸರ್ರನೆ ಸವರಿದಾಗ ಕಪ್ಪು ತಳವು ಕ್ಷಣಾರ್ಧದಲ್ಲಿ ಬೆಳ್ಳಿಯಂತೆ ಹೊಳೆಯುವುದನ್ನು ನೋಡಲು ನಾವು ಮಠದ ವಿದ್ಯಾರ್ಥಿಗಳು ಪಾಠ ಬಿಟ್ಟು ನಿಲ್ಲುತ್ತಿದ್ದೆವು. ತವರವು 232 ಡಿಗ್ರಿಯ ಉಷ್ಣಕ್ಕೇ ಕರಗುವುದರಿಂದ ಈ ಕೆಲಸ ಬೀದಿಬದಿಯ ಸಣ್ಣ ತಿದಿಯ ಬೆಂಕಿಯಲ್ಲಿಯೂ ಸಾಧ್ಯ. ಕಂಚಿನ ಗುಣ ಬೇರೆ. ಅದರಲ್ಲಿ ತಾಮ್ರದೊಡನೆ ತವರವೇ ಸೇರಿರುವುದರಿಂದ ಉಣ್ಣುವ ತಟ್ಟೆ, ಬಟ್ಟಲುಗಳಿಗೆ ಹಿರಿಯರು ಅದನ್ನು ಆರಿಸಿಕೊಂಡರು. ಬಿದರಿಯ ಸಾಮಾನಿನಲ್ಲಿ ಸತುವೇ ಪ್ರಧಾನ. ಅದನ್ನು ನೋಡಿ ಸಂತೋಷಪಡಬೇಕು, ತಿನಿಸು ಇಡಬಾರದು.

ಇಂಥ ಪಾತ್ರೆಗಳು ಈಗ ಎಲ್ಲಿವೆ? ಬಹುಪಾಲು ಹೋದವು. ಸ್ಟೀಲಿನ ಪಾತ್ರೆಗಳು ಮನೆಮನೆಯ ಬಾಗಿಲಿಗೆ ಬಂದ ಮೇಲೆ ಹಿತ್ತಾಳೆ, ತಾಮ್ರಗಳನ್ನು ತೂಕಕ್ಕೆ ಹಾಕಿ ಹೊಸದನ್ನು ಕೊಂಡವರೇ ಹೆಚ್ಚು. ಇದಕ್ಕಾಗಿ ಹೆಂಗಸರನ್ನು ಆಕ್ಷೇಪಿಸುವ ಗಂಡಸರ ಮಾತನ್ನು ನಾನು ಒಪ್ಪುವುದಿಲ್ಲ. ಆ ಭಾರವನ್ನು ಎತ್ತಿದವರು ಅವರು, ಬೂದಿ ಹುಣಸೆಹಣ್ಣು ಹಚ್ಚಿ ಬೆರಳು ಸವೆಸಿದವರು ಅವರು. ಕಲಾಯಿಗಾರನು ಊರಿಗೆ ಬರುವುದನ್ನು ನಿಲ್ಲಿಸಿದ ಮೇಲೆ ತೊಂದರೆ ಪಟ್ಟವರೂ ಅವರೇ. ಹಳೆಯದು ಹೋಯಿತೆಂದು ನಿಟ್ಟುಸಿರು ಬಿಡುವವರಲ್ಲಿ ಎಷ್ಟು ಜನ ಒಂದು ದಿನವಾದರೂ ಕೊಡ ತಿಕ್ಕಿದ್ದಾರೆ?

ಹೋದವುಗಳಲ್ಲಿ ಕೆಲವು ಗುಜರಿ ಅಂಗಡಿಗಳಲ್ಲಿ, ಸಂತೆಯ ಮೂಲೆಗಳಲ್ಲಿ ಇನ್ನೂ ಉಳಿದಿವೆ. ಅವುಗಳನ್ನು ಹುಡುಕುತ್ತ ಅಲೆಯುವುದು ಒಂದು ಅಪೂರ್ವ ಆನಂದ. ಹುಡುಕುವವನಿಗೆ ಅವಸರವಿರಬಾರದು, ಬಟ್ಟೆಗೆ ಧೂಳು ಹತ್ತೀತೆಂಬ ಅಂಜಿಕೆಯೂ ಇರಬಾರದು. ತುಕ್ಕು ಹಿಡಿದ ಸೈಕಲ್ಲಿನ ಬಿಡಿಭಾಗಗಳ ಕೆಳಗೆ ಅಡಕೊತ್ತು ಸಿಕ್ಕುತ್ತದೆ. ಮುರಿದ ಕೊಳಾಯಿಗಳ ಮಧ್ಯೆ ಗಂಗಾಳದ ಅಂಚು ಇಣುಕುತ್ತದೆ. ಸೇರು, ಪಾವುಗಳ ಅಳತೆಯ ಪಾತ್ರೆಗಳು ದೊರೆತರೆ ಅವುಗಳ ಮೇಲೆ ಸರ್ಕಾರದ ಮುದ್ರೆಗಳಿವೆಯೇ ಎಂದು ತಿರುಗಿಸಿ ನೋಡಬೇಕು. 1956ರ ಕಾಯಿದೆಯ ತರುವಾಯ ಮೆಟ್ರಿಕ್ ಪದ್ಧತಿ ಹಂತಹಂತವಾಗಿ ಬಂದು ಈ ಸೇರು, ತೊಲೆಗಳು ಅಂಗಡಿಯಿಂದ ನಿವೃತ್ತವಾದವು. ಎಂಬತ್ತು ತೊಲೆಯ ಆ ಸೇರು ಇಂದಿನ ಲೆಕ್ಕದಲ್ಲಿ ಸುಮಾರು 933 ಗ್ರಾಂ. ಹಿತ್ತಾಳೆಯ ಚಕ್ಕುಲಿ ಅಚ್ಚುಗಳು ಸಾಮಾನ್ಯವಾಗಿ ಬಿಲ್ಲೆಗಳನ್ನು ಕಳೆದುಕೊಂಡು ಅನಾಥವಾಗಿ ಬಿದ್ದಿರುತ್ತವೆ. ಒಂದು ಅಂಗಡಿಯಲ್ಲಿ ಕೊಂಡ ಅಚ್ಚಿಗೆ ಎರಡು ವರ್ಷದ ಮೇಲೆ ಬೇರೊಂದು ಊರಿನಲ್ಲಿ ನಕ್ಷತ್ರದಾಕಾರದ ರಂಧ್ರವುಳ್ಳ ಬಿಲ್ಲೆ ಸರಿಯಾಗಿ ಕೂತಾಗ ಆಗುವ ಸಂತೋಷವನ್ನು, ಹಸ್ತಪ್ರತಿಯಲ್ಲಿ ಲುಪ್ತವಾದ ಪಾದವೊಂದು ಇನ್ನೊಂದು ಪ್ರತಿಯಲ್ಲಿ ಸಿಕ್ಕಾಗ ಸಂಪಾದಕನಿಗಾಗುವ ಸಂತೋಷಕ್ಕೆ ಮಾತ್ರ ಹೋಲಿಸಬಹುದು.

ಆದರೆ ಓದುಗ ಬಂಧುಗಳೆ, ನಾನು ಹೇಳಬೇಕೆಂದಿರುವ ನಿಧಿ ಲೋಹದಲ್ಲಿಲ್ಲ, ಲೋಹದ ಮೇಲಿನ ಅಕ್ಷರದಲ್ಲಿದೆ. ಕಂಠದ ಸುತ್ತ, ಅಂಚಿನ ಹೊರಗೆ, ಮುಚ್ಚಳದ ಮೇಲೆ, ಕೆಲವೊಮ್ಮೆ ತಳದಲ್ಲಿ, ಸಣ್ಣ ಉಳಿಯಿಂದ ಚುಕ್ಕೆ ಚುಕ್ಕೆಯಾಗಿ ಹೊಡೆದ ಹೆಸರುಗಳಿರುತ್ತವೆ. ಮದುವೆ ಮುಂಜಿಗಳಿಗೆ ಎರವಲು ಹೋದ ಪಾತ್ರೆ ಮರಳಿ ಬರಲೆಂಬುದು ಒಂದು ಉದ್ದೇಶ. ತವರಿನಿಂದ ಬಂದುದು ಇವಳದು, ಇವಳ ಸ್ತ್ರೀಧನ ಎಂಬುದಕ್ಕೆ ಸಾಕ್ಷಿಯಾಗಲೆಂಬುದು ಇನ್ನೊಂದು. ಡಬ್ಬಿಯ ಮೇಲೊಂದು ಹೆಸರು, ಮುಚ್ಚಳದ ಮೇಲೆ ಮತ್ತೊಂದು ಹೆಸರು ಇದ್ದರೆ ಯಾವುದೋ ಮದುವೆಯಲ್ಲಿ ಎರಡು ಮನೆಯ ಮುಚ್ಚಳಗಳು ಅದಲುಬದಲಾಗಿವೆಯೆಂದು ತಿಳಿಯಬಹುದು. ‘ಸಾ॥’ ಎಂಬ ಸಂಕ್ಷೇಪದ ಮುಂದೆ ಇರುವುದು ಊರಿನ ಹೆಸರು. ಹಿಂದಿನ ಮುಂಬಯಿ ಪ್ರಾಂತದ ಭಾಗದಲ್ಲಿ ಮೋಡಿ ಅಕ್ಷರವೂ ಕಣ್ಣಿಗೆ ಬೀಳುತ್ತದೆ.

ಇಸವಿಯನ್ನು ಓದುವಲ್ಲಿ ಸ್ವಲ್ಪ ಎಚ್ಚರಿಕೆ ಬೇಕು. ಶಕವರ್ಷವಾದರೆ 78 ಕೂಡಿಸಬೇಕು: ಶಕ 1850 ಎಂದರೆ 1928–29. ಬೀದರ, ಕಲಬುರಗಿ, ರಾಯಚೂರು ಕಡೆ ನಿಜಾಮರ ಆಳಿಕೆಯ ಫಸಲಿ ವರ್ಷವಿದ್ದರೆ 590 ಕೂಡಿಸಬೇಕು: ಫಸಲಿ 1350 ಎಂದರೆ 1940–41. ಬರಿಯ ಸಂವತ್ಸರದ ಹೆಸರಿದ್ದರೆ ತೊಡಕು, ಏಕೆಂದರೆ ಅದು ಅರವತ್ತು ವರ್ಷಕ್ಕೊಮ್ಮೆ ತಿರುಗಿ ಬರುತ್ತದೆ. ‘ಪ್ರಮಾಥಿ’ ಎಂದಿದ್ದರೆ 1879 ಆಗಬಹುದು, 1939 ಆಗಬಹುದು. ಅಕ್ಷರದ ಮೋಡಿಯನ್ನೂ ಪಾತ್ರೆಯ ಸವೆತವನ್ನೂ ನೋಡಿ ನಿರ್ಣಯಿಸಬೇಕು. ಡಬ್ಬಿ ಸ್ಟೀಲಿನದಾಗಿದ್ದರೆ ಮಾತ್ರ ನಿಸ್ಸಂದೇಹವಾಗಿ 1999.

ಈ ಹೆಸರುಗಳಲ್ಲಿ ಗಂಡಸರ ಹೆಸರುಗಳೂ ಸಾಕಷ್ಟಿವೆ. ಆದರೆ ಹೆಂಗಸರ ಹೆಸರು ಬಂದಾಗ ಅದರ ಬೆಲೆ ಬೇರೆ. ನಮ್ಮ ಮುತ್ತಜ್ಜಿಯರ ಹೆಸರು ಎಲ್ಲಿ ಬರೆದಿತ್ತು? ಹೆಚ್ಚಿನವರು ಶಾಲೆಗೆ ಹೋದವರಲ್ಲ. ಹೊಲದ ಉತಾರದಲ್ಲಿ ಹೆಸರು ಅಪರೂಪ; ಬಂದರೂ ‘ಗಂಡ’ ಇಂಥವರು ಎಂದು ಬೆನ್ನಿಗೆ ಸೇರಿರುತ್ತದೆ. ಅವರು ಗಂಡನ ಹೆಸರನ್ನು ಒಡಪಿನಲ್ಲಿಟ್ಟು ಸಭೆಯಲ್ಲಿ ಹೇಳಿದರು, ತಮ್ಮ ಹೆಸರನ್ನು ಹೇಳುವ ಸಂದರ್ಭವೇ ಬರಲಿಲ್ಲ. 1951–52ರ ಮೊದಲ ಮಹಾಚುನಾವಣೆಯ ಮತದಾರರ ಪಟ್ಟಿಯನ್ನು ಸಿದ್ಧಪಡಿಸುವಾಗ, ಮುಖ್ಯವಾಗಿ ಉತ್ತರದ ರಾಜ್ಯಗಳಲ್ಲಿ, ಅನೇಕ ಹೆಂಗಸರು ಇಂಥವರ ಹೆಂಡತಿ, ಇಂಥವರ ತಾಯಿ ಎಂದಷ್ಟೇ ಬರೆಸಿದರು. ಸ್ವಂತ ಹೆಸರಿಲ್ಲದೆ ಪಟ್ಟಿಗೆ ಸೇರಿಸಲಾಗದೆಂದು ಚುನಾವಣಾ ಆಯುಕ್ತ ಸುಕುಮಾರ ಸೇನರು ನಿರ್ಧರಿಸಿದುದರಿಂದ ಸುಮಾರು 28 ಲಕ್ಷ ಹೆಂಗಸರು ಪಟ್ಟಿಯಿಂದ ಹೊರಗುಳಿದರು. ದೇಶದ ದಾಖಲೆಗೆ ಸಿಕ್ಕದ ಹೆಸರನ್ನು ಆ ಕಾಲದಲ್ಲಿ ಒಂದು ಉಂಡಿಯ ಡಬ್ಬಿ ಹೊತ್ತು ತಿರುಗುತ್ತಿತ್ತು. ಪಂಚಮಿಗೆ ತವರಿನಿಂದ ತುಂಬಿ ಬರುತ್ತಿತ್ತು. ಬರಿದಾಗಿ ಮರಳಿಸಬಾರದೆಂದು ಇಲ್ಲಿಂದ ಚಕ್ಕುಲಿ ತುಂಬಿಕೊಂಡು ಹೋಗುತ್ತಿತ್ತು. ನಾನು ಒಬ್ಬ ಗುಜರಿ ವ್ಯಾಪಾರಿಗೆ ಅಂಥ ಡಬ್ಬಿಯೊಂದನ್ನು ತೋರಿಸಿ, “ಇದರ ಮೇಲೆ ಒಬ್ಬ ತಾಯಿಯ ಹೆಸರೈತಲ್ಲಪಾ” ಎಂದೆ. ಆತ ಒರಟನಲ್ಲ, ನಿಜವನ್ನೇ ನುಡಿದ: “ಹೆಸರಿಗೆ ರೊಕ್ಕ ಬರಂಗಿಲ್ರಿ ಅಜ್ಜಾರ, ತೂಕಕ್ಕ ಬರತೈತ್ರಿ.” ತೂಕವಾದ ಮೇಲೆ ಅದು ಹೋಗುವುದು ಮೂಸೆಗೆ.

ಮೂಸೆಗೆ ಹೋಗುವುದನ್ನು ತಡೆದ ಪುಣ್ಯವಂತರೂ ನಮ್ಮ ದೇಶದಲ್ಲಿದ್ದಾರೆ. ಪುಣೆಯ ದಿನಕರ ಕೇಳಕರರು (1896–1990) ದೀಪ, ಅಡಕೊತ್ತು, ಅಡುಗೆಯ ಪಾತ್ರೆಗಳನ್ನು ಊರೂರು ಅಲೆದು ಕೂಡಿಹಾಕಿ, ಅಕಾಲದಲ್ಲಿ ತೀರಿಕೊಂಡ ಮಗ ರಾಜಾನ ಹೆಸರಿನಲ್ಲಿ ವಸ್ತುಸಂಗ್ರಹಾಲಯವನ್ನೇ ಕಟ್ಟಿದರು. ಅಹಮದಾಬಾದಿನಲ್ಲಿ ಸುರೇಂದ್ರ ಪಟೇಲರು ಹಳ್ಳಿಯ ಮಾದರಿಯ ತಮ್ಮ ಉಪಾಹಾರ ಗೃಹ ‘ವಿಶಾಲಾ’ದ ಆವರಣದಲ್ಲಿ 1981ರಲ್ಲಿ ಪಾತ್ರೆಗಳಿಗಾಗಿಯೇ ಒಂದು ಸಂಗ್ರಹಾಲಯವನ್ನು ತೆರೆದರು, ಉಣ್ಣಲು ಬಂದವರು ಪಾತ್ರೆಯನ್ನೂ ನೋಡಿಹೋಗಲೆಂಬ ಏರ್ಪಾಡು ಬಹಳ ಸೊಗಸಾದುದು. ನಮ್ಮಲ್ಲಿ ಮೈಸೂರು ವಿಶ್ವವಿದ್ಯಾನಿಲಯವು 1968ರಲ್ಲಿ ಸ್ಥಾಪಿಸಿದ ಜಾನಪದ ವಸ್ತುಸಂಗ್ರಹಾಲಯ ಜಯಲಕ್ಷ್ಮಿ ವಿಲಾಸದಲ್ಲಿದೆ. ಮಕ್ಕಳನ್ನು ಅರಮನೆಗೆ ಕರೆದೊಯ್ಯುವವರು ಅಲ್ಲಿಗೂ ಕರೆದೊಯ್ಯಬೇಕು.

ಕೊಳ್ಳುವವರು ಮೋಸಹೋಗದಿರಲು ಒಂದೆರಡು ಸೂಚನೆ. ಹೊಸ ಹಿತ್ತಾಳೆಯನ್ನು ಕಪ್ಪಾಗಿಸಿ ನೂರು ವರ್ಷದ್ದೆಂದು ಮಾರುವವರಿದ್ದಾರೆ. ನಿಜವಾಗಿ ಬಳಸಿದ ಪಾತ್ರೆ ಎಲ್ಲೆಡೆ ಒಂದೇ ಸಮನೆ ಕಪ್ಪಾಗಿರುವುದಿಲ್ಲ; ಸೌಟು ತಾಗುವಲ್ಲಿ, ಕೈ ಹಿಡಿಯುವಲ್ಲಿ, ನೆಲಕ್ಕೆ ಊರುವಲ್ಲಿ ಸವೆದಿರುತ್ತದೆ, ಅಕ್ಷರದ ಅಂಚು ತಿಕ್ಕಿ ತಿಕ್ಕಿ ಮೃದುವಾಗಿರುತ್ತದೆ. ಬೆಸುಗೆ ಹಾಕಿದ ಪಾತ್ರೆಯಲ್ಲಿ ಸೀಸದ ಶಂಕೆ ಇರುವುದರಿಂದ ಅದರಲ್ಲಿ ಆಹಾರ ಬೇಡ. 1972ರ ಪ್ರಾಚೀನ ವಸ್ತುಗಳ ಕಾಯಿದೆಯಂತೆ ನೂರು ವರ್ಷ ದಾಟಿದ ಕಲಾವಸ್ತು, ಎಪ್ಪತ್ತೈದು ವರ್ಷ ದಾಟಿದ ಮೌಲ್ಯಯುತ ಹಸ್ತಪ್ರತಿಗಳನ್ನು ಖಾಸಗಿಯವರು ದೇಶದಾಚೆ ಒಯ್ಯುವಂತಿಲ್ಲ. ಅಮೆರಿಕದಲ್ಲಿರುವ ಮಗಳ ಮನೆಗೆ ಮುತ್ತಜ್ಜಿಯ ತಂಬಿಗೆಯನ್ನು ಕಳಿಸುವವರು ಮೊದಲು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯಲ್ಲಿ ವಿಚಾರಿಸುವುದು ಲೇಸು. ಉಂಡಿಗೆ ಈ ಕಾಯಿದೆ ಅನ್ವಯಿಸದು.

ಈ ಪಂಚಮಿಗೆ ಪಾತ್ರೆ ಕೆಳಗಿಳಿಸಿದಾಗ ಯಂತ್ರದ ಪಾಲಿಶಿಗೆ ಮಾತ್ರ ಕೊಡಬೇಡಿರಿ. ಆ ಚಕ್ರ ಒಮ್ಮೆ ತಿರುಗಿದರೆ ಅಕ್ಷರ ಅಳಿಸಿಹೋಗುತ್ತದೆ. ಮಾರಲೇಬೇಕಾದ ಪಾತ್ರೆಯಾದರೂ ಮಾರುವ ಮುನ್ನ ಅಕ್ಷರದ ಪಡಿಯಚ್ಚು ತೆಗೆದಿಡಿರಿ. ಶಾಸನದವರಂತೆ ಒದ್ದೆ ಕಾಗದ, ಮಸಿ, ಕುಂಚಗಳ ಅಗತ್ಯವಿಲ್ಲ. ತೆಳ್ಳನೆಯ ಕಾಗದವನ್ನು ಹೆಸರಿನ ಮೇಲೆ ಬಿಗಿಯಾಗಿ ಹಿಡಿದು, ಪೆನ್ಸಿಲ್ಲನ್ನು ಮಲಗಿಸಿ ಮೆಲ್ಲಗೆ ಉಜ್ಜಿದರೆ ಚುಕ್ಕೆಗಳು ಬಿಳಿದಾಗಿ ಏಳುತ್ತವೆ. ಈ ಕೆಲಸಕ್ಕೆ ಮೊಮ್ಮಕ್ಕಳು ಬಹಳ ಯೋಗ್ಯರು. ಹೆಸರಿನವರು ನಿಮಗೆ ಏನಾಗಬೇಕು, ಅವರ ತವರು ಯಾವುದು ಎಂಬುದನ್ನು ಮನೆಯ ಹಿರಿಯರಿಂದ ಕೇಳಿ ಅದೇ ಕಾಗದದ ಹಿಂದೆ ಬರೆಯಿರಿ. ಓದಲಾಗದ ಅಕ್ಷರವಿದ್ದರೆ ಪಡಿಯಚ್ಚಿನ ಪ್ರತಿಯನ್ನು ಪತ್ರಿಕೆಯ ವಿಳಾಸಕ್ಕೆ ನನ್ನ ಹೆಸರಿಗೆ ಕಳುಹಿಸಬಹುದು, ಓದಿ ತಿಳಿಸುತ್ತೇನೆ. ಡಬ್ಬಿಯನ್ನು ಕಳುಹಿಸಬೇಡಿರಿ. ಕಳುಹಿಸುವುದೇ ಆದರೆ ಬರಿದಾಗಿ ಬೇಡ.