ಹಳ್ಳಿಗೆ ಉದ್ಯಾನವೇಕೆ?

“ಹಳ್ಳಿಗೆ ಉದ್ಯಾನವೇಕೆ? ಹಳ್ಳಿಯೇ ಒಂದು ಉದ್ಯಾನವಲ್ಲವೆ?” ಎಂದು ಕೇಳುವವರುಂಟು. ಇವರಲ್ಲಿ ಎರಡು ಬಗೆ. ಹಳ್ಳಿಯನ್ನು ಬಸ್ಸಿನ ಕಿಟಕಿಯಿಂದ ಕಂಡು, ಹಸುರನ್ನು ಮೆಚ್ಚಿ ಮುಂದೆ ಹೋಗುವವರು ಮೊದಲನೆಯ ಬಗೆ. ಹಳ್ಳಿಯಲ್ಲಿಯೇ ಹುಟ್ಟಿ ಬೆಳೆದು, ಬೇಸರವಾದಾಗ ಅರಳೀಕಟ್ಟೆಯ ಮೇಲೆ ಹೋಗಿ ಕೂರುವುದಕ್ಕೆ ಯಾರ ಅಪ್ಪಣೆಯೂ ಬೇಕಾಗಿಲ್ಲದ ಗಂಡಸರು ಎರಡನೆಯ ಬಗೆ. ಇಬ್ಬರ ಮೇಲೂ ನನಗೆ ಗೌರವವಿದೆ. ಆದರೂ ಇಬ್ಬರೂ ಒಂದು ಸಂಗತಿಯನ್ನು ಮರೆತಿದ್ದಾರೆಂದು ತೋರುತ್ತದೆ. ನೋಡುವುದಕ್ಕೆ ಹಸುರಾಗಿರುವ ಸ್ಥಳವೆಲ್ಲ ಉದ್ಯಾನವಲ್ಲ. ಯಾವ ಕೆಲಸವೂ ಇಲ್ಲದೆ, ಯಾರಿಗೂ ಕಾರಣ ಹೇಳದೆ, ಯಾರು ಬೇಕಾದರೂ ಬಂದು ಸ್ವಲ್ಪ ಹೊತ್ತು ಕುಳಿತು ಹೋಗಬಹುದಾದ ಸ್ಥಳಕ್ಕೆ ಉದ್ಯಾನವೆಂದು ಹೆಸರು. ಅದು ನಗರಕ್ಕೆ ಎಷ್ಟು ಅವಶ್ಯಕವೋ ಹಳ್ಳಿಗೂ ಅಷ್ಟೇ ಅವಶ್ಯಕ. ಹಳ್ಳಿಯ ಹೆಂಗಸರಿಗೆ, ಮುದುಕರಿಗೆ, ಮಕ್ಕಳಿಗೆ ಇನ್ನೂ ಹೆಚ್ಚು ಅವಶ್ಯಕ ಎಂಬುದು ನನ್ನ ಅಭಿಪ್ರಾಯ.

ನಾನು ಶಿಡ್ಲಘಟ್ಟ ತಾಲ್ಲೂಕಿನ ಸಾದಲಿಯವಳು. ನಮ್ಮದು ಹೋಬಳಿಯ ಊರು. ವರ್ಷವಿಡೀ ಹರಿಯುವ ಹೊಳೆಯೊಂದೂ ಇಲ್ಲದ ಸೀಮೆ. ಮಳೆ ಬಂದರೆ ಕೆರೆ, ಬಾರದಿದ್ದರೆ ಕೊಳವೆಬಾವಿ. ಸುತ್ತ ಬಂಡೆಯ ಗುಡ್ಡಗಳು. ಮಾರ್ಚಿ ತಿಂಗಳು ಹುಟ್ಟಿತೆಂದರೆ ಹಗಲೆಲ್ಲ ಕಾದ ಆ ಬಂಡೆಗಳು ರಾತ್ರಿಯಾದರೂ ಆರುವುದಿಲ್ಲ. ಈ ಬಿಸಿಲಿನಲ್ಲಿ ನಮ್ಮ ಜನರನ್ನು ಬದುಕಿಸಿರುವುದು ಹಿಪ್ಪುನೇರಳೆ ಸೊಪ್ಪು ಮತ್ತು ಅದನ್ನು ತಿನ್ನುವ ರೇಷ್ಮೆಹುಳು. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯ ಹೆಸರನ್ನು ಕೇಳದವರು ವಿರಳ. ಆದರೆ ಗೂಡು ಮಾರುಕಟ್ಟೆಗೆ ಹೋಗುವ ಮುಂಚೆ ಮನೆಯಲ್ಲಿ ಏನು ನಡೆಯುತ್ತದೆಂಬುದನ್ನು ಎಲ್ಲರೂ ಬಲ್ಲರೆಂದು ಹೇಳಲಾರೆ. ಹುಳು ಮೊಟ್ಟೆಯೊಡೆದು ಬಂದ ದಿನದಿಂದ ಗೂಡು ಕಟ್ಟುವವರೆಗೆ ಸುಮಾರು 25 ದಿನ. ಅಷ್ಟರಲ್ಲಿ ಅದಕ್ಕೆ ನಾಲ್ಕು ಜ್ವರ. ನಾಲ್ಕನೆಯ ಜ್ವರದಿಂದ ಎದ್ದ ಹುಳು ಕೊನೆಯ ಒಂದು ವಾರದಲ್ಲಿ ತಿನ್ನುವ ಸೊಪ್ಪು ಅದರ ಜೀವಮಾನದ ಸೊಪ್ಪಿನಲ್ಲಿ ಮುಕ್ಕಾಲು ಭಾಗಕ್ಕೂ ಹೆಚ್ಚು. ಆ ವಾರ ಮನೆಯ ಹೆಂಗಸರಿಗೆ ನಿದ್ರೆಯಿಲ್ಲ, ಊಟಕ್ಕೆ ಹೊತ್ತಿಲ್ಲ. ಸೊಪ್ಪು ತರುವುದು, ಹಾಕುವುದು, ಕಸ ತೆಗೆಯುವುದು, ಹಣ್ಣಾದ ಹುಳುಗಳನ್ನು ಆರಿಸಿ ಚಂದ್ರಿಕೆಗೆ ಬಿಡುವುದು, ಮತ್ತೆ ಸೊಪ್ಪು. ನನ್ನ ತಾಯಿ ಇಪ್ಪತ್ತಕ್ಕೂ ಹೆಚ್ಚು ವರ್ಷದಿಂದ ಇದನ್ನು ಮಾಡುತ್ತಿದ್ದಾಳೆ. ನಾನು ಬಿ.ಎ. ತರಗತಿಯಲ್ಲಿ ಕುಳಿತು ಅರ್ಥಶಾಸ್ತ್ರವನ್ನು ಓದುತ್ತಿರುವುದು ಆ ಸೊಪ್ಪಿನ ಬಲದಿಂದಲೇ. ಆದ್ದರಿಂದ ತೋಟದ ಹಸುರನ್ನು ಕಂಡು “ಇದೇ ಉದ್ಯಾನ” ಎನ್ನುವವರಿಗೆ ನಾನು ಹೇಳುವುದಿಷ್ಟೆ: ಅದು ಕೆಲಸದ ಸ್ಥಳ. ಕಾರ್ಖಾನೆಯಲ್ಲಿ ದುಡಿಯುವವನಿಗೆ “ಕಾರ್ಖಾನೆಯಲ್ಲಿಯೇ ವಿಶ್ರಾಂತಿ ಪಡೆ” ಎಂದು ಯಾರೂ ಹೇಳುವುದಿಲ್ಲವಷ್ಟೆ?

ನಮ್ಮ ಊರಿನಲ್ಲಿ ಹೆಂಗಸರು ಮನೆಯಿಂದ ಹೊರಗೆ ಎಲ್ಲೆಲ್ಲಿ ಕೂರಬಹುದೆಂದು ಒಂದು ದಿನ ಎಣಿಸಿ ನೋಡಿದೆ. ದೇವಸ್ಥಾನದ ಜಗಲಿ, ಪೂಜೆಯಿರಬೇಕು. ಬಸ್ಸು ನಿಲ್ಲುವ ಸ್ಥಳ, ಎಲ್ಲಿಗಾದರೂ ಹೊರಟಿರಬೇಕು. ಆಸ್ಪತ್ರೆಯ ಬೆಂಚು; ಕಾಯಿಲೆಯಾಗಿರಬೇಕು. ನ್ಯಾಯಬೆಲೆ ಅಂಗಡಿಯ ಮುಂದಿನ ಸಾಲು, ಕೈಯಲ್ಲಿ ಕಾರ್ಡಿರಬೇಕು. ಅರಳೀಕಟ್ಟೆಯನ್ನು ಹೆಂಗಸರು ಸುತ್ತಬಹುದು, ಅದರ ಮೇಲೆ ಕೂರುವಂತಿಲ್ಲ. ಹಾಗೆಂದು ಎಲ್ಲಿಯೂ ಬರೆದಿಲ್ಲ. ಕೂತರೆ ಯಾರೂ ಹೊಡೆಯುವುದೂ ಇಲ್ಲ. “ಏನಮ್ಮ, ಇಲ್ಲಿ ಕೂತಿದ್ದೀ?” ಎಂದು ಒಬ್ಬರು ಕೇಳುತ್ತಾರೆ, ಅಷ್ಟೆ. ಆ ಒಂದು ಪ್ರಶ್ನೆಯೇ ಸಾಕು, ಎದ್ದು ಹೋಗುವುದಕ್ಕೆ.

ಕಳೆದ ವರ್ಷ ಎರಡು ಬೆಳೆಗಳ ನಡುವೆ ಹುಳುಮನೆಯನ್ನು ತೊಳೆದು ಖಾಲಿ ಬಿಟ್ಟಿದ್ದ ದಿನಗಳಲ್ಲಿ ನಾವು ಮನೆಮಂದಿಯೆಲ್ಲ ಬೆಂಗಳೂರಿನ ಲಾಲ್‌ಬಾಗಿಗೆ ಹೋಗಿದ್ದೆವು. ಅಜ್ಜಿ, ಅಪ್ಪ, ಅಮ್ಮ, ತಮ್ಮ, ತಂಗಿ ಮತ್ತು ನಾನು. ಜೊತೆಗೆ ಒಂದು ಬುತ್ತಿ ಚಿತ್ರಾನ್ನ. ಲಾಲ್‌ಬಾಗಿನ ಚರಿತ್ರೆಯನ್ನು ನಮ್ಮಲ್ಲಿ ಅನೇಕರು ಬಲ್ಲರು. 1760ರಲ್ಲಿ ಹೈದರಾಲಿ ಅದನ್ನು ತನ್ನ ತೋಟವಾಗಿ ಆರಂಭಿಸಿದನು. ಟಿಪ್ಪು ದೂರದೂರದಿಂದ ಗಿಡಗಳನ್ನು ತರಿಸಿ ಬೆಳೆಸಿದನು. 1856ರಲ್ಲಿ ಅದು ಸರ್ಕಾರಿ ಸಸ್ಯೋದ್ಯಾನವಾಯಿತು. 1889ರಲ್ಲಿ ಗಾಜಿನಮನೆಗೆ ಅಡಿಗಲ್ಲು ಬಿತ್ತು. 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಜರ್ಮನಿಯ ಕ್ರುಂಬಿಗಲ್ ಅದಕ್ಕೆ ಇಂದಿನ ರೂಪವನ್ನು ಕೊಟ್ಟವರಲ್ಲಿ ಮುಖ್ಯನು. ಈಗ ಅದರ ವಿಸ್ತಾರ 240 ಎಕರೆ. ಈ ಚರಿತ್ರೆಯಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಒಂದೇ ಸಂಗತಿ. ಅರಸನೊಬ್ಬನು ತನಗಾಗಿ ಮಾಡಿಸಿಕೊಂಡ ತೋಟ ಕಾಲಕ್ರಮದಲ್ಲಿ ಎಲ್ಲರದೂ ಆಯಿತು. ಅರಸು ಹೋದ, ಅರಮನೆಯ ಭೋಗ ಹೋಯಿತು, ಮರ ಉಳಿಯಿತು. ಅದರ ಕೆಳಗೆ ನಮ್ಮಂಥವರು ಚಿತ್ರಾನ್ನ ತಿನ್ನುತ್ತಿದ್ದೇವೆ. ಪ್ರಜಾಪ್ರಭುತ್ವವೆಂದರೆ ಏನೆಂದು ಪರೀಕ್ಷೆಯಲ್ಲಿ ಕೇಳಿದರೆ ಇದನ್ನೂ ಬರೆಯಬಹುದೆಂದು ನನಗನಿಸುತ್ತದೆ.

ಲಾಲ್‌ಬಾಗಿನ ಬಂಡೆಯ ಮೇಲೆ ಕೆಂಪೇಗೌಡರ ಗೋಪುರವಿದೆ. ಆ ಬಂಡೆಗೆ ಸುಮಾರು 300 ಕೋಟಿ ವರ್ಷ ವಯಸ್ಸೆಂದೂ ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಸಾರಲಾಗಿದೆಯೆಂದೂ ನಾನು ಅಜ್ಜಿಗೆ ವಿವರಿಸಿದೆ. ಅಜ್ಜಿ ಬಂಡೆಯನ್ನು ಒಮ್ಮೆ ಮೇಲೆ ಕೆಳಗೆ ನೋಡಿ, ತನ್ನ ತೆಲುಗು ಬೆರೆತ ಕನ್ನಡದಲ್ಲಿ, “ನಮ್ಮೂರಲ್ಲಿ ಇಂಥವು ಬೇಕಾದಷ್ಟು ಬಿದ್ದಾವೆ. ಇದನ್ನ ನೋಡೋಕೆ ದುಡ್ಡು ಕೊಟ್ಟು ಬಂದ್ವಾ?” ಎಂದಳು. ಅಜ್ಜಿಯ ಮಾತಿನಲ್ಲಿ ನ್ಯಾಯವಿಲ್ಲದೆ ಇಲ್ಲ. ಬಂಡೆ ನಮ್ಮಲ್ಲೂ ಇದೆ, ಮರ ನಮ್ಮಲ್ಲೂ ಇದೆ. ನಮ್ಮಲ್ಲಿ ಇಲ್ಲದ್ದು ಯಾವುದೆಂದು ತಿಳಿದದ್ದು ಅಮ್ಮನನ್ನು ನೋಡಿದಾಗ. ಒಂದು ದೊಡ್ಡ ಮಳೆಮರದ ಕೆಳಗೆ ನಾವು ಬುತ್ತಿ ಬಿಚ್ಚಿದೆವು. ಅಮ್ಮ ಮಾತ್ರ ನಿಂತೇ ಇದ್ದಳು. “ಇಲ್ಲಿ ಕೂತ್ಕೊಂಡ್ರೆ ಯಾರೂ ಏನೂ ಅನ್ನಲ್ವಾ?” ಎಂದು ಕೇಳಿದಳು. ಅನ್ನುವುದಿಲ್ಲವೆಂದೆ. ಕುಳಿತಳು. ಊಟವಾದ ಮೇಲೆ ಕಾಲು ಚಾಚಿದಳು. ಆಮೇಲೆ ಸೆರಗನ್ನು ತಲೆಯಡಿ ಮಡಿಸಿಟ್ಟುಕೊಂಡು ಮಲಗಿಯೇಬಿಟ್ಟಳು. ಸುತ್ತಮುತ್ತ ನೂರಾರು ಜನ ಓಡಾಡುತ್ತಿದ್ದರು. ಯಾರೂ ನಿಂತು ನೋಡಲಿಲ್ಲ, ಯಾರೂ ಏನೂ ಕೇಳಲಿಲ್ಲ. ಹಗಲು ಹೊತ್ತಿನಲ್ಲಿ, ಬಯಲಿನಲ್ಲಿ, ಅಮ್ಮ ಮಲಗಿದ್ದನ್ನು ನಾನು ಹುಟ್ಟಿದಾಗಿನಿಂದ ಕಂಡಿರಲಿಲ್ಲ.

ಇದಕ್ಕಾಗಿ ನಾವು ಬೆಳಗಿನ ಜಾವ ಎದ್ದು, ಎರಡು ಮೂರು ಬಸ್ಸು ಬದಲಾಯಿಸಿ, ಆರು ಜನರ ಖರ್ಚು ಹೊತ್ತು ಹೋಗಬೇಕಾಯಿತು. ವರ್ಷಕ್ಕೊಂದು ಸಲ ಅದು ಸಾಧ್ಯವಾದರೆ ಪುಣ್ಯ. “ನಿಮ್ಮ ಜಿಲ್ಲೆಯಲ್ಲಿಯೇ ನಂದಿಬೆಟ್ಟವಿಲ್ಲವೆ?” ಎನ್ನಬಹುದು. ಇದೆ, 4,851 ಅಡಿ ಎತ್ತರದಲ್ಲಿ, ತಂಪಾಗಿ, ಚೆಲುವಾಗಿ ಇದೆ. ಆದರೆ ಅದು ಪ್ರವಾಸಿಗಳ ಸ್ಥಳ. ಸೊಪ್ಪು ಹಾಕಿ ಎರಡು ಗಂಟೆ ಬಿಡುವು ದೊರೆತವಳು ನಂದಿಬೆಟ್ಟಕ್ಕೆ ಹೋಗಿ ಬರಲಾರಳು. ಉದ್ಯಾನವೆಂಬುದು ನಡೆದು ಹೋಗುವಷ್ಟು ಹತ್ತಿರವಿದ್ದರೆ ಮಾತ್ರ ನಿತ್ಯದ ಬದುಕಿಗೆ ಸೇರುತ್ತದೆ. ದೂರವಿದ್ದರೆ ಅದು ಯಾತ್ರೆಯಾಗುತ್ತದೆ.

ಹಳ್ಳಿಗೆ ಉದ್ಯಾನವೆಂಬುದು ಪರದೇಶದಿಂದ ಬಂದ ಹೊಸ ಕಲ್ಪನೆಯೂ ಅಲ್ಲ. ನಮ್ಮ ಹಿರಿಯರು ಇದಕ್ಕೆ ಗುಂಡುತೋಪೆಂದು ಹೆಸರಿಟ್ಟಿದ್ದರು. ಹಳೆಯ ಮೈಸೂರು ಸೀಮೆಯ ಊರೂರಿಗೂ ಇಂಥ ತೋಪುಗಳಿದ್ದವು. ಮಾವು, ಹುಣಸೆ, ಹೊಂಗೆ, ನೇರಳೆ, ಹಿಪ್ಪೆ ಮುಂತಾದ ಮರಗಳು ಅಲ್ಲಿ ಬೆಳೆಯುತ್ತಿದ್ದವು. ದಾರಿಹೋಕರು ಗಾಡಿ ಬಿಚ್ಚುವುದು, ದನಕರುಗಳು ಮಧ್ಯಾಹ್ನ ಮಲಗುವುದು, ಜಾತ್ರೆಗೆ ಬಂದವರು ಒಲೆ ಹೂಡುವುದು ಎಲ್ಲವೂ ಆ ನೆರಳಿನಲ್ಲಿಯೇ. ಅದು ಒಬ್ಬರ ಸ್ವತ್ತಲ್ಲ, ಊರಿನ ಸ್ವತ್ತು. ಇಂದಿಗೂ ಎಷ್ಟೋ ಊರುಗಳ ಪಹಣಿಯಲ್ಲಿ ಗುಂಡುತೋಪೆಂಬ ಹೆಸರಿದೆ. ಸ್ಥಳಕ್ಕೆ ಹೋಗಿ ನೋಡಿದರೆ ಮರವಿಲ್ಲ. ಒಂದು ಕಡೆ ಕಟ್ಟಡ ಎದ್ದಿದೆ, ಇನ್ನೊಂದು ಕಡೆ ಪಕ್ಕದ ಹೊಲ ಒಳಗೆ ಸರಿದಿದೆ, ಉಳಿದ ಮೂಲೆಯಲ್ಲಿ ತಿಪ್ಪೆ. ಕಾಗದದ ಮೇಲಿನ ತೋಪು ನೆರಳು ಕೊಡುವುದಿಲ್ಲ.

ಇಲ್ಲಿ ಒಂದು ಆಕ್ಷೇಪಣೆಯನ್ನು ಎದುರಿಸಬೇಕು. “ಊರಿಗೆ ಆಸ್ಪತ್ರೆ ಬೇಕು, ಶಾಲೆ ಬೇಕು. ಅವುಗಳಿಗೇ ಸ್ಥಳವಿಲ್ಲದಿರುವಾಗ ಕುಳಿತುಕೊಳ್ಳುವುದಕ್ಕೆ ಸ್ಥಳವೆ?” ಎನ್ನುವುದು ಸಾಮಾನ್ಯ. ಇದೇ ಪ್ರಶ್ನೆ ಒಮ್ಮೆ ಸುಪ್ರೀಂ ಕೋರ್ಟಿನವರೆಗೆ ಹೋಗಿತ್ತು. ಬೆಂಗಳೂರಿನ ರಾಜಮಹಲ್ ವಿಲಾಸ ಬಡಾವಣೆಯಲ್ಲಿ ಉದ್ಯಾನಕ್ಕೆಂದು ಬಿಟ್ಟಿದ್ದ ನಿವೇಶನವನ್ನು ಖಾಸಗಿ ನರ್ಸಿಂಗ್ ಹೋಮ್ ಕಟ್ಟುವುದಕ್ಕಾಗಿ ಒಂದು ಟ್ರಸ್ಟಿಗೆ ಕೊಡಲಾಯಿತು. ಬಿ. ಎಸ್. ಮುದ್ದಪ್ಪ ಮೊದಲಾದ ನಿವಾಸಿಗಳು ಇದನ್ನು ಪ್ರಶ್ನಿಸಿದರು. 1991ರಲ್ಲಿ ಸುಪ್ರೀಂ ಕೋರ್ಟು ನಿವಾಸಿಗಳ ಪಕ್ಷದಲ್ಲಿ ತೀರ್ಪು ಕೊಟ್ಟಿತು. ಉದ್ಯಾನಕ್ಕೆಂದು ಮೀಸಲಿಟ್ಟ ಬಯಲು ಸಾರ್ವಜನಿಕರ ಹಿತಕ್ಕಾಗಿರತಕ್ಕದ್ದು, ಅದನ್ನು ಖಾಸಗಿಯವರಿಗೆ ಕೊಟ್ಟು ಬೇರೆ ಉಪಯೋಗಕ್ಕೆ ತಿರುಗಿಸಲಾಗದು ಎಂಬುದು ಅದರ ಸಾರಾಂಶ. ಆಸ್ಪತ್ರೆ ಬೇಡವೆಂದು ಯಾರೂ ಹೇಳಲಿಲ್ಲ. ಉದ್ಯಾನವನ್ನು ನುಂಗಿ ಆಸ್ಪತ್ರೆ ಏಳಬೇಕಾಗಿಲ್ಲ ಎಂದರು. ನಗರದ ಬಡಾವಣೆಯವರಿಗೆ ಇದನ್ನು ಕೇಳುವ ತಿಳಿವಳಿಕೆಯೂ ಧೈರ್ಯವೂ ಇತ್ತು. ಹೋಬಳಿಯ ಊರಿನಲ್ಲಿ ಕೇಳುವವರು ಯಾರು? ನಮ್ಮಂಥ ಪದವೀಧರರಲ್ಲದೆ ಇನ್ನಾರು?

ಎರಡನೆಯ ಆಕ್ಷೇಪಣೆ ನೀರಿನದು. ಕುಡಿಯುವುದಕ್ಕೇ ನೀರಿಲ್ಲದ ಸೀಮೆಯಲ್ಲಿ ಉದ್ಯಾನಕ್ಕೆ ನೀರೆಲ್ಲಿಂದ? ಹುಲ್ಲುಹಾಸು, ಕಾರಂಜಿ, ಬಣ್ಣದ ಹೂವಿನ ಪಾತಿಗಳೇ ಉದ್ಯಾನವೆಂದು ತಿಳಿದಿದ್ದರೆ ಈ ಆಕ್ಷೇಪಣೆ ಸರಿ. ಆದರೆ ಬಿಸಿಲು ಸೀಮೆಯ ಉದ್ಯಾನಕ್ಕೆ ಮೊದಲು ಬೇಕಾದದ್ದು ನೆರಳು. ಹೊಂಗೆ, ಬೇವು, ಹುಣಸೆ ಇವು ನಮ್ಮ ಮಣ್ಣನ್ನೂ ನಮ್ಮ ಬರವನ್ನೂ ಬಲ್ಲ ಮರಗಳು. ಮೊದಲ ಎರಡು ಮೂರು ಬೇಸಿಗೆ ಕೊಡದಲ್ಲಿ ನೀರು ಹೊತ್ತು ಕಾಪಾಡಿದರೆ ಆಮೇಲೆ ತಮ್ಮ ಬದುಕನ್ನು ತಾವೇ ನೋಡಿಕೊಳ್ಳುತ್ತವೆ. ಏಪ್ರಿಲಿನ ಬಿಸಿಲಿನಲ್ಲಿ ಮಿಕ್ಕ ಗಿಡಗಳು ಬಾಡಿ ನಿಂತಾಗ ಹೊಂಗೆ ಹೊಸ ಚಿಗುರು ಹೊತ್ತು ನಿಂತಿರುವುದನ್ನು ನಾವೆಲ್ಲ ಕಂಡಿದ್ದೇವೆ. ಮರದ ಸುತ್ತ ನಾಲ್ಕು ಚಪ್ಪಡಿಕಲ್ಲು, ಮಕ್ಕಳಿಗೆ ಎರಡು ಉಯ್ಯಾಲೆ, ಒಂದು ನಲ್ಲಿ, ಹೆಂಗಸರಿಗೆ ಬೀಗ ಹಾಕದ ಒಂದು ಶೌಚಾಲಯ, ಇಷ್ಟಾದರೆ ಸಾಕು. ಕೊನೆಯದನ್ನು ಬರೆಯಲು ಸಂಕೋಚವಾಗುತ್ತದೆ. ಆದರೆ ಅದಿಲ್ಲದ ಉದ್ಯಾನದಲ್ಲಿ ಯಾವ ತಾಯಿಯೂ ಅರ್ಧ ಗಂಟೆಗಿಂತ ಹೆಚ್ಚು ನಿಲ್ಲಲಾರಳು.

ಬೀಗದ ಮಾತು ಬಂದುದರಿಂದ ಇನ್ನೊಂದು ಮಾತು. ಪಟ್ಟಣಗಳ ಎಷ್ಟೋ ಉದ್ಯಾನಗಳನ್ನು ಬೆಳಿಗ್ಗೆ ತೆರೆದು, ಮಧ್ಯಾಹ್ನ ಮುಚ್ಚಿ, ಸಂಜೆ ಮತ್ತೆ ತೆರೆಯುವ ಪದ್ಧತಿಯುಂಟು. ಬೆಳಿಗ್ಗೆ ನಡೆದಾಡಿ ಮೈ ಕರಗಿಸಬೇಕಾದವರಿಗೆ ಇದು ಅನುಕೂಲವೇ. ದುಡಿಯುವವರಿಗೆ ನೆರಳು ಬೇಕಾಗುವುದು ನೆತ್ತಿಯ ಮೇಲೆ ಸೂರ್ಯನಿರುವಾಗ. ಮನೆಗೆಲಸ ಮುಗಿಸಿದ ಹೆಂಗಸಿಗೆ, ಸಂತೆಗೆ ಬಂದ ಮುದುಕನಿಗೆ, ಬಸ್ಸು ತಪ್ಪಿದ ಹುಡುಗಿಗೆ ಬಿಡುವು ದೊರೆಯುವುದು ಆಗಲೇ. ಆ ಹೊತ್ತಿನಲ್ಲಿ ಬಾಗಿಲು ಮುಚ್ಚಿದ ಉದ್ಯಾನ ಬಿಸಿಲಿಗೆ ಮಡಿಸಿಟ್ಟ ಕೊಡೆಯಂತೆ.

ಈ ಕಾಲೇಜಿಗೆ ಬಂದ ಮೇಲೆ ನನಗೆ ದೊರೆತ ಭಾಗ್ಯಗಳಲ್ಲಿ ಅಂಗಳದ ಮರವೂ ಒಂದು. ಎರಡು ತರಗತಿಗಳ ನಡುವೆ ಅದರ ಕೆಳಗೆ ಕುಳಿತಿರುತ್ತೇನೆ. ಮೂರು ವರ್ಷಗಳಲ್ಲಿ ಒಬ್ಬರೂ “ಏನಮ್ಮ, ಇಲ್ಲಿ ಕೂತಿದ್ದೀ?” ಎಂದು ಕೇಳಲಿಲ್ಲ. ಕೈಯಲ್ಲಿ ಪುಸ್ತಕವಿದೆ, ಅದೇ ನನ್ನ ಕಾರಣ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲು. ಹಾಗಾದರೆ ಪುಸ್ತಕವಿಲ್ಲದವರಿಗೆ ನೆರಳಿಲ್ಲವೆ? ನನಗೆ ಮೂರು ವರ್ಷ ದೊರೆತದ್ದು ನನ್ನ ತಾಯಿಗೆ ವರ್ಷಕ್ಕೊಂದು ದಿನ, ಅದೂ ಅಷ್ಟು ದೂರ ಹೋದರೆ ಮಾತ್ರ ಎಂಬುದು ನನಗೆ ನ್ಯಾಯವಾಗಿ ಕಾಣುವುದಿಲ್ಲ. ಈ ವರ್ಷ ಪರೀಕ್ಷೆ ಮುಗಿಸಿ ಊರಿಗೆ ಹಿಂತಿರುಗಿದರೆ ನನಗೂ ಆ ನೆರಳು ತಪ್ಪುತ್ತದೆ.

ವಿದ್ಯಾರ್ಥಿ ಮಿತ್ರರಲ್ಲಿ ನನ್ನದೊಂದು ವಿಜ್ಞಾಪನೆ. ನಮ್ಮಲ್ಲಿ ಹೆಚ್ಚಿನವರು ಹಳ್ಳಿಗಳಿಂದಲೇ ಬಂದವರು. ಈ ಬೇಸಿಗೆಯ ರಜೆಯಲ್ಲಿ ಊರಿಗೆ ಹೋದಾಗ ನಿಮ್ಮ ಊರಿನ ನಕ್ಷೆಯನ್ನೂ ಪಹಣಿಯನ್ನೂ ತರಿಸಿ ನೋಡಿರಿ. ಗುಂಡುತೋಪೆಂದು ಬರೆದಿದ್ದರೆ ಅಲ್ಲಿಗೆ ನಡೆದು ಹೋಗಿ, ಎಷ್ಟು ಮರ ಉಳಿದಿವೆಯೆಂದು ಎಣಿಸಿ ಬರೆದಿಟ್ಟುಕೊಳ್ಳಿರಿ. ಗ್ರಾಮಸಭೆ ಸೇರಿದಾಗ ಆ ಲೆಕ್ಕವನ್ನು ಎದ್ದುನಿಂತು ಓದಿರಿ. ತಾಯಂದಿರನ್ನೂ ಜೊತೆಗೆ ಕರೆದುಕೊಂಡು ಹೋಗಿರಿ. ರಾಷ್ಟ್ರೀಯ ಸೇವಾ ಯೋಜನೆಯ ಶಿಬಿರಗಳಲ್ಲಿ ಸಸಿ ನೆಡುವ ಉತ್ಸಾಹ ನಮಗೆ ಬೇಕಾದಷ್ಟಿದೆ. ನೆಟ್ಟ ಸಸಿಗೆ ಮುಂದಿನ ಎರಡು ಬೇಸಿಗೆ ನೀರು ಹಾಕುವವರು ಯಾರೆಂಬುದನ್ನೂ ಶಿಬಿರ ಮುಗಿಯುವ ಮುಂಚೆ ತೀರ್ಮಾನಿಸೋಣ. ಗುರುಗಳು ಈ ಕಾರ್ಯದಲ್ಲಿ ನಮಗೆ ದಾರಿ ತೋರಿಸುವರೆಂದು ನಂಬಿದ್ದೇನೆ. ಇಂದು ನೆಟ್ಟ ಹೊಂಗೆ ನಾಲ್ಕು ಜನ ಕೂರುವಷ್ಟು ನೆರಳು ಕೊಡುವುದಕ್ಕೆ ಹತ್ತು ವರ್ಷವಾದರೂ ಬೇಕು. ಆದ್ದರಿಂದ ಈ ವರ್ಷವೇ ನೆಡತಕ್ಕದ್ದು.

— ಅಂತಿಮ ಬಿ.ಎ. ವಿದ್ಯಾರ್ಥಿನಿ