ಸ್ವೀಡನ್ ಸೀಟು ಏಜೆಂಟರ ಕೈಯಲ್ಲಿಲ್ಲ

ಕಳೆದ ತಿಂಗಳು ಅಸರ್ ನಮಾಝ್ ಮುಗಿಸಿ ನಾವು ಮದ್ರಸದ ಜಗಲಿಯಲ್ಲಿ ಕೂತಿದ್ದಾಗ ಚನ್ನಗಿರಿ ಕಡೆಯವರೊಬ್ಬರು ಫೈಲ್ ಹಿಡಿದು ಬಂದರು. ಮೂಲ ಬಂಟ್ವಾಳದ ಕಡೆ. ಅಡಿಕೆ ವ್ಯಾಪಾರಕ್ಕೆಂದು ಬಂದು ಇಲ್ಲೇ ನೆಲೆ ನಿಂತವರು. ಮಗಳು ದಾವಣಗೆರೆಯಲ್ಲಿ ಇಂಜಿನಿಯರಿಂಗ್ ಐದನೇ ಸೆಮಿಸ್ಟರ್. ಫೈಲಿನಲ್ಲಿ ಒಂದು ಕನ್ಸಲ್ಟೆನ್ಸಿಯವರ ಕಾಗದ: ಸ್ವೀಡನ್‌ನಲ್ಲಿ ಎಕ್ಸ್‌ಚೇಂಜ್, ಸೀಟು ಗ್ಯಾರಂಟಿ, ಅಡ್ವಾನ್ಸ್ 2 ಲಕ್ಷ. "ಉಸ್ತಾದ್, ಬ್ಯಾಂಕ್ ಸಾಲ ಅಂದ್ರೆ ಬಡ್ಡಿ. ತೋಟದಲ್ಲಿ ಅರ್ಧ ಎಕರೆ ಕೊಟ್ಟುಬಿಡುವಾ ಅಂತ ಇದ್ದೇನೆ. ನೀವೇನು ಹೇಳ್ತೀರಿ?" ಎಂದು ಕೇಳಿದರು.

ನಾವು ಓದಿದ್ದು ಪಿಯುಸಿ, ಮತ್ತೆ ದೀನಿ ವಿದ್ಯೆ. ಇಂಜಿನಿಯರಿಂಗ್ ನಮಗೆ ಗೊತ್ತಿಲ್ಲ. ಆದರೆ ಆ ಕಾಗದದಲ್ಲಿ ಎಲ್ಲವೂ ಇತ್ತು, ಮಗಳು ಓದುವ ಕಾಲೇಜಿನ ಹೆಸರು ಮಾತ್ರ ಇರಲಿಲ್ಲ. ಅದು ನಮ್ಮನ್ನು ಚುಚ್ಚಿತು. ತಿಳಿದವರನ್ನು ಕೇಳಿದೆವು, ಆ ವಿಶ್ವವಿದ್ಯಾಲಯಗಳ ನಿಯಮಗಳನ್ನು ನಮ್ಮ ಹಳೇ ಶಿಷ್ಯನೊಬ್ಬನಿಂದ ಓದಿಸಿದೆವು. ಹೊನ್ನಾಳಿ, ನ್ಯಾಮತಿ, ಜಗಳೂರಿನ ಮನೆಗಳಲ್ಲೂ ಇಂಥ ಕಾಗದಗಳು ಓಡಾಡುತ್ತಿವೆ ಎಂದು ಆಮೇಲೆ ತಿಳಿಯಿತು. ಅದಕ್ಕಾಗಿ ಈ ವಾರ ಇದೇ ವಿಷಯ.

ಎಕ್ಸ್‌ಚೇಂಜ್ ಅಂದರೆ ಅದಲುಬದಲು. ಇಲ್ಲಿಯ ಕಾಲೇಜಿಗೂ ಅಲ್ಲಿಯ ವಿಶ್ವವಿದ್ಯಾಲಯಕ್ಕೂ ಲಿಖಿತ ಒಪ್ಪಂದ ಇರುತ್ತದೆ. ನಮ್ಮ ವಿದ್ಯಾರ್ಥಿ ಒಂದೋ ಎರಡೋ ಸೆಮಿಸ್ಟರ್ ಅಲ್ಲಿಗೆ ಹೋಗುತ್ತಾನೆ, ಅಲ್ಲಿಯವರು ಇಲ್ಲಿಗೆ ಬರುತ್ತಾರೆ. ಫೀಸ್ ಕಟ್ಟುವುದು ನಮ್ಮ ಕಾಲೇಜಿಗೇ. ಅಲ್ಲಿ ಪಾಠದ ಫೀಸ್ ಇಲ್ಲ. ಡಿಗ್ರಿ ಸಿಗುವುದೂ ಇಲ್ಲಿಂದಲೇ. ಮೊದಲು ನಮ್ಮ ಕಾಲೇಜು ವಿದ್ಯಾರ್ಥಿಯ ಹೆಸರನ್ನು ಅಲ್ಲಿಗೆ ಸೂಚಿಸಬೇಕು, ಆಮೇಲೆಯೇ ಅರ್ಜಿ. ಈ ದಾರಿಯಲ್ಲಿ ಏಜೆಂಟರು ನಿಲ್ಲಲು ಜಾಗವೇ ಇಲ್ಲ. ಒಪ್ಪಂದ ಇದ್ದರೆ ಅವರು ಬೇಕಾಗಿಲ್ಲ, ಇಲ್ಲದಿದ್ದರೆ ಅವರಿಂದ ಆಗುವುದೂ ಇಲ್ಲ. ಅವರು "ಎಕ್ಸ್‌ಚೇಂಜ್" ಎಂದು ಮಾರುವುದು ಫೀಸ್ ಕಟ್ಟಿ ಓದುವ ಸಾಮಾನ್ಯ ಅಡ್ಮಿಷನ್ನನ್ನು.

ನಮ್ಮವರು ಇದರಲ್ಲಿ ಯಾಕೆ ಬೇಗ ಬೀಳುತ್ತಾರೆ ಎಂದು ಯೋಚಿಸಿದ್ದೇವೆ. ಎರಡು ಮೂರು ತಲೆಮಾರು ನಾವು ನೋಡಿದ್ದು ಗಲ್ಫ್. ವೀಸಾ ಬರುತ್ತಿದ್ದದ್ದು ಮಾವನ ಕೈಯಿಂದ, ಇಲ್ಲವೇ ಏಜೆಂಟರಿಂದ. ದುಡ್ಡು ಕೊಟ್ಟರೆ ಕಾಗದ ಬರುತ್ತದೆ ಎನ್ನುವುದು ನಮಗೆ ಅಭ್ಯಾಸವಾಗಿದೆ. ಆ ಲೆಕ್ಕವನ್ನೇ ವಿಶ್ವವಿದ್ಯಾಲಯಕ್ಕೂ ಹಾಕುತ್ತೇವೆ.

ಏಜೆಂಟರಿಗೆ ಈಗ ಆ ದೇಶಗಳ ಮೇಲೆ ಪ್ರೀತಿ ಹುಟ್ಟಿದ್ದಕ್ಕೂ ಕಾರಣ ಉಂಟು. 2024ರಲ್ಲಿ ಕೆನಡಾ ವಿದ್ಯಾರ್ಥಿ ಪರ್ಮಿಟ್‌ಗಳಿಗೆ ಮಿತಿ ಹಾಕಿತು. ಆ ವ್ಯಾಪಾರ ಕುಗ್ಗಿದಾಗ ಬೇರೆ ದೇಶ ಬೇಕಲ್ಲ? "ಅಲ್ಲಿ ಓದು ಪುಕ್ಕಟೆ" ಎಂಬ ಹಳೇ ಮಾತನ್ನೇ ಈಗಲೂ ಹೇಳುತ್ತಾರೆ. ಯುರೋಪಿನ ಹೊರಗಿನಿಂದ ಬರುವವರಿಗೆ ಡೆನ್ಮಾರ್ಕ್ 2006ರಿಂದ, ಸ್ವೀಡನ್ 2011ರಿಂದ, ನಾರ್ವೆ 2023ರಿಂದ ಫೀಸ್ ಹಾಕುತ್ತಿವೆ. ಫೀಸ್ ಇಲ್ಲದೆ ಒಂದು ಸೆಮಿಸ್ಟರ್ ಓದಲು ನಮ್ಮ ಮಕ್ಕಳಿಗೆ ಉಳಿದ ಮುಖ್ಯ ದಾರಿ ಈ ಎಕ್ಸ್‌ಚೇಂಜ್.

ಹಾಗಂತ ಆ ಓದು ಬೇಡವೆಂದು ನಾವು ಹೇಳುವುದಿಲ್ಲ. ಮಂಗಳೂರಿಗೆ ಹೋಗುವ ವೋಲ್ವೊ ಬಸ್ಸಿನ ಕಂಪನಿ ಸ್ವೀಡನ್‌ನ ಗೋಥೆನ್‌ಬರ್ಗ್‌ನದು. ಅದೇ ಊರಿನಲ್ಲಿ 1829ರ ಚಾಲ್ಮರ್ಸ್ ತಾಂತ್ರಿಕ ವಿಶ್ವವಿದ್ಯಾಲಯ ಇದೆ. ಸ್ಟಾಕ್‌ಹೋಮ್‌ನ ಕೆಟಿಎಚ್ 1827ರದು. ಡೆನ್ಮಾರ್ಕ್‌ನ ಡಿಟಿಯು, ನಾರ್ವೆಯ ಟ್ರಾಂಡ್‌ಹೈಮ್‌ನ ಎನ್‌ಟಿಎನ್‌ಯು ಕೂಡ ಹೆಸರಾದವು. ಅಲ್ಲಿ ಆರು ತಿಂಗಳು ಕೂತು ಬಂದ ಮಗುವಿನ ಧೈರ್ಯವೇ ಬೇರೆ.

ಆದರೆ ಲೆಕ್ಕ ಸರಿ ಇರಬೇಕು. ಅಲ್ಲಿ ಒಂದು ಸೆಮಿಸ್ಟರಿಗೆ 30 ಕ್ರೆಡಿಟ್. ಸ್ವೀಡನ್‌ನಲ್ಲಿ ಡಿಗ್ರಿಯ ಮೊದಲ ವರ್ಷಗಳ ಪಾಠ ಹೆಚ್ಚಾಗಿ ಸ್ವೀಡಿಷ್ ಭಾಷೆಯಲ್ಲಿ, ಇಂಗ್ಲಿಷ್ ಪಾಠ ಮಾಸ್ಟರ್ಸ್ ಮಟ್ಟದಲ್ಲಿ. ಆದ್ದರಿಂದ ನಮ್ಮ ಮಕ್ಕಳಿಗೆ ಹೊಂದುವುದು ಕೊನೆಯ ವರ್ಷ. ಏಳನೇ ಸೆಮಿಸ್ಟರಿನಲ್ಲೇ ಇಲ್ಲಿ ಕ್ಯಾಂಪಸ್ ಇಂಟರ್‌ವ್ಯೂ ಇರುತ್ತದೆ, ಅದನ್ನೂ ನೆನಪಿಡಬೇಕು. ಯಾವ ವಿಷಯಕ್ಕೆ ಬದಲಾಗಿ ಯಾವ ವಿಷಯ ಎಂಬುದನ್ನು ಹೊರಡುವ ಮುಂಚೆ ಬರಹದಲ್ಲಿ ಒಪ್ಪಿಸಿಕೊಳ್ಳದಿದ್ದರೆ, ವಾಪಸ್ ಬಂದ ಮೇಲೆ ಇಲ್ಲಿ ಅದೇ ಪರೀಕ್ಷೆ ಮತ್ತೊಮ್ಮೆ ಬರೆಯಬೇಕಾದೀತು. ಬ್ಯಾಕ್‌ಲಾಗ್ ಇದ್ದವರ ಹೆಸರನ್ನು ಕಾಲೇಜು ಕಳಿಸುವುದು ಕಷ್ಟವೇ.

ಇನ್ನು ದುಡ್ಡು. ಫೀಸ್ ಇಲ್ಲದಿದ್ದರೂ ಊಟ, ಬಾಡಿಗೆ ಇದ್ದೇ ಇದೆ. ಸ್ವೀಡನ್ ಪರ್ಮಿಟ್‌ಗೆ ತಿಂಗಳಿಗೆ 10,000 ಕ್ರೋನಾಕ್ಕಿಂತ ಹೆಚ್ಚು ಹಣ ತೋರಿಸಬೇಕು. ಒಂದು ಕ್ರೋನಾ 9 ರೂಪಾಯಿಯ ಮೇಲಿದೆ. ಐದು ತಿಂಗಳಿಗೆ 5 ಲಕ್ಷದ ಹತ್ತಿರ. ಅಂದರೆ ಸುಮಾರು ಹತ್ತು ಕ್ವಿಂಟಾಲ್ ರಾಶಿ ಅಡಿಕೆಯ ದುಡ್ಡು. ಅದು ವಿದ್ಯಾರ್ಥಿಯ ಹೆಸರಿನ ಖಾತೆಯಲ್ಲೇ ಇರಬೇಕು, ಉಪ್ಪನ ಖಾತೆ ತೋರಿಸಿದರೆ ನಡೆಯುವುದಿಲ್ಲ. ಒಂದು ವರ್ಷಕ್ಕಿಂತ ಕಡಿಮೆ ಇರುವವರಿಗೆ ಆರೋಗ್ಯ ವಿಮೆಯೂ ಬೇಕು.

ಚನ್ನಗಿರಿಯ ತೋಟದವರು ಹೇಗೋ ಹೊಂದಿಸಿಯಾರು. ಮಳೆ ನಂಬಿ ಮೆಕ್ಕೆಜೋಳ ಹಾಕುವ ಜಗಳೂರಿನ ಮನೆಯ ಹುಡುಗ ಏನು ಮಾಡಬೇಕು? ಅಲ್ಪಸಂಖ್ಯಾತರ ವಿದೇಶ ವ್ಯಾಸಂಗ ಸಾಲದ ಬಡ್ಡಿಗೆ ಕೇಂದ್ರ ಸರಕಾರ ಕೊಡುತ್ತಿದ್ದ 'ಪಢೋ ಪರದೇಶ್' ನೆರವು 2022-23ರಿಂದ ನಿಂತಿದೆ. ಅದು ಇದ್ದಾಗಲೂ ಮಾಸ್ಟರ್ಸ್, ಪಿಎಚ್‌ಡಿ ಮಟ್ಟದವರಿಗೆ ಮಾತ್ರ ಇತ್ತು, ಡಿಗ್ರಿ ನಡುವೆ ಒಂದು ಸೆಮಿಸ್ಟರ್ ಹೋಗುವವರು ಅದರ ಲೆಕ್ಕದಲ್ಲೇ ಇರಲಿಲ್ಲ. ಇಂಥವರಿಗಿರುವುದು ಯುರೋಪಿನ ಎರಾಸ್ಮಸ್ ಪ್ಲಸ್ ಯೋಜನೆ. ಅದರಲ್ಲಿ ಅಲ್ಲಿಗೆ ಹೋದ ವಿದ್ಯಾರ್ಥಿಗೆ ತಿಂಗಳಿಗೆ 800ರಿಂದ 900 ಯೂರೋ, ಜೊತೆಗೆ ಪ್ರಯಾಣ ಖರ್ಚು. ಅದು ಸಾಲವಲ್ಲ, ಬಡ್ಡಿಯ ಪ್ರಶ್ನೆಯೇ ಬರುವುದಿಲ್ಲ. ಆದರೆ ಅಲ್ಲಿಯ ವಿಶ್ವವಿದ್ಯಾಲಯವೂ ಇಲ್ಲಿಯ ಕಾಲೇಜೂ ಜೊತೆಯಾಗಿದ್ದರೆ ಮಾತ್ರ ಅದು ಸಿಗುವುದು. ಬಡವರ ಮಕ್ಕಳಿಗೂ ಬೇಕಾದದ್ದು ಆ ಒಪ್ಪಂದವೇ.

ಹುಡುಗಿಯ ಉಮ್ಮ ಕೇಳಿದ ಪ್ರಶ್ನೆ ಬೇರೆ: "ಅಲ್ಲಿ ನಮಾಝ್ ಹೇಗೆ?" ಡಿಸೆಂಬರಿನಲ್ಲಿ ಸ್ಟಾಕ್‌ಹೋಮ್‌ನಲ್ಲಿ ಸೂರ್ಯ ಮಧ್ಯಾಹ್ನ ಮೂರು ಗಂಟೆಯೊಳಗೆ ಮುಳುಗುತ್ತದೆ. ಝುಹರ್, ಅಸರ್, ಮಗ್ರಿಬ್ ಮೂರೂ ಕ್ಲಾಸಿನ ಹೊತ್ತಿನಲ್ಲೇ ಬರುತ್ತವೆ. ಟೈಮ್‌ಟೇಬಲ್ ಕೈಗೆ ಬಂದ ದಿನವೇ ಹೊಂದಿಸಿಕೊಂಡರೆ ಕಷ್ಟವಿಲ್ಲ. ನಗರದಲ್ಲಿ ದೊಡ್ಡ ಮಸೀದಿ ಇದೆ. ಹಿಂದೆ ಅದು ಕರೆಂಟ್ ತಯಾರಿಸುವ ಸ್ಟೇಷನ್ ಆಗಿತ್ತು, 2000ದಲ್ಲಿ ಮಸೀದಿಯಾಗಿ ತೆರೆಯಿತು. ಮಾಂಸದ ವಿಷಯದಲ್ಲಿ ವಿಚಾರಿಸಿಯೇ ತಿನ್ನಬೇಕು, ಪ್ರಜ್ಞೆ ತಪ್ಪಿಸದೆ ಕೊಯ್ಯುವುದಕ್ಕೆ ಅಲ್ಲಿಯ ಕಾನೂನು ಬಿಡುವುದಿಲ್ಲ. ಮೀನಿಗೆ ಬರ ಇಲ್ಲ, ಬೇರಿ ಮನೆಯ ಮೀನ್ ಸಾರು ಮಾತ್ರ ಅವಳೇ ಮಾಡಿಕೊಳ್ಳಬೇಕು!

ಮಣಿಪಾಲದಂಥ ಕಡೆ ವಿದೇಶ ಸಂಬಂಧಕ್ಕೇ ಪ್ರತ್ಯೇಕ ಕಚೇರಿ ಇದೆ. ನಮ್ಮ ನಾಲ್ಕು ತಾಲೂಕಿನ ಮಕ್ಕಳು ಹೆಚ್ಚಾಗಿ ಸೇರುವುದು ದಾವಣಗೆರೆಯ ಕಾಲೇಜುಗಳಿಗೆ. ಅವುಗಳಲ್ಲಿ 1951ರ ಯುಬಿಡಿಟಿ ವಿಟಿಯುವಿನದೇ ಕಾಲೇಜು. ಅಲ್ಲಿಗೆ ಒಪ್ಪಂದ ಬೇಕೆಂದರೆ ಬೆಳಗಾವಿಗೆ ಬರೆಯಬೇಕು, ಖಾಸಗಿ ಕಾಲೇಜಾದರೆ ಆಡಳಿತ ಮಂಡಳಿಗೆ. ಸಮುದಾಯದ ಸಂಘಟನೆಗಳು ವರ್ಷಕ್ಕೊಮ್ಮೆ ಶಾಲು ಹಾಕಿ ಪ್ರತಿಭಾ ಪುರಸ್ಕಾರ ಮಾಡುತ್ತವೆ, ಸಂತೋಷ. ಅದೇ ಸಭೆಗೆ ಕರೆಸುವ ಶಾಸಕರ ಕೈಗೆ ಈ ಬೇಡಿಕೆಯ ಒಂದು ಅರ್ಜಿ ಕೊಟ್ಟದ್ದನ್ನು ನಾವು ಇನ್ನೂ ಕಂಡಿಲ್ಲ.

ಚನ್ನಗಿರಿಯವರು ಮಗಳ ಕಾಲೇಜಿಗೆ ಹೋಗಿ ವಿಚಾರಿಸಿ ಬಂದರು. ಸ್ವೀಡನ್ ಜೊತೆ ಒಪ್ಪಂದ ಇಲ್ಲವಂತೆ. ಆದರೆ ಪ್ರಿನ್ಸಿಪಾಲರು, "ಪೋಷಕರು ಯಾರೂ ಇದುವರೆಗೆ ಕೇಳಿರಲಿಲ್ಲ, ಬರೆದು ಕೊಡಿ" ಅಂದರಂತೆ. ಅರ್ಜಿಯನ್ನು ಮಗಳೇ ಬರೆದಿದ್ದಾಳೆ. ಒಪ್ಪಂದ ಆಗುವಷ್ಟರಲ್ಲಿ ಅವಳ ಓದು ಮುಗಿದಿರುತ್ತದೆ, ಅದು ಅವಳಿಗೂ ಗೊತ್ತು. ಎರಡು ವರ್ಷ ಹಿಂದೆ ಇರುವ ತಮ್ಮನ ಹೆಸರನ್ನೂ ಅರ್ಜಿಯಲ್ಲಿ ಸೇರಿಸಿದ್ದಾಳೆ. ತೋಟ ಮಾರುವ ಮಾತು ಸದ್ಯ ನಿಂತಿದೆ.